ಪ್ಲೇಯರ್ ತಂದಾಯ್ತು, ಈಗ ಕಾರ್ಡು, ಇಯರ್‌ಫೋನು, ಚಾರ್ಜರ್ ಆರಿಸುವುದು ಹೇಗೆ?

ಜೇಬಿನಲ್ಲಿ ಇಟ್ಟುಕೊಳ್ಳುವ ಮ್ಯೂಸಿಕ್ ಪ್ಲೇಯರ್‌ಗೆ ಸಾವಿರಾರು ರೂಪಾಯಿ ಕೊಡುತ್ತಾರೆ. ಬರುವ ದಾರಿಯಲ್ಲಿ ಬಸ್‌ಸ್ಟ್ಯಾಂಡ್ ಮುಂದಿನ ತಳ್ಳುಗಾಡಿಯಲ್ಲಿ ಸಿಕ್ಕಿದ ಇಯರ್‌ಫೋನು, ಹೆಸರೇ ಕೇಳದ ಮೆಮೊರಿ ಕಾರ್ಡು ಹಾಕಿಕೊಂಡು ಬರುತ್ತಾರೆ. ಎಂಟು ದಿನಕ್ಕೆ ಹಾಡು ಅರ್ಧಕ್ಕೆ ನಿಲ್ಲುತ್ತದೆ, ಒಂದು ಕಿವಿಯಲ್ಲಿ ದನಿ ಬರುವುದಿಲ್ಲ. ಆಮೇಲೆ ಬೈಗುಳ ಪ್ಲೇಯರ್‌ಗೆ. ನನ್ನ ಹತ್ತಿರ "ಸ್ವಲ್ಪ ನೋಡ್ರಿ, ಕೆಟ್ಟೈತಿ" ಎಂದು ಬರುವವರಲ್ಲಿ ಹೆಚ್ಚಿನವರ ಪ್ಲೇಯರ್ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ಅಂಟಿಕೊಂಡ ಸಾಮಾನು.

ಮೊಬೈಲ್ ಕಾಲದಲ್ಲಿ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಆಪಲ್‌ನವರೇ 2022ರಲ್ಲಿ ಐಪಾಡ್ ನಿಲ್ಲಿಸಿಬಿಟ್ಟರು, ನಿಜ. ಆದರೆ ಬಳ್ಳಾರಿಯಲ್ಲಿ ದಿನವಿಡೀ ಜೀನ್ಸ್ ಹೊಲಿಯುವವರಿಗೆ, ಸಂಡೂರು ಗುಡ್ಡದ ಕಡೆ ಲಾರಿ ಓಡಿಸುವವರಿಗೆ, ಸಿಂಧನೂರು, ಗಂಗಾವತಿ ಕಡೆ ಗದ್ದೆಯಲ್ಲಿ ಇರುವವರಿಗೆ ನೆಟ್‌ವರ್ಕ್ ಬೇಡದ, ನಡುವೆ ಜಾಹೀರಾತು ಬಾರದ, ಫೋನಿನ ಬ್ಯಾಟರಿ ತಿನ್ನದ ಪೆಟ್ಟಿಗೆ ಇನ್ನೂ ಬೇಕು. ತತ್ವಪದ, ಬಯಲಾಟದ ರೆಕಾರ್ಡಿಂಗ್, ಹಳೆಯ ಭಜನೆ ಇಂಥವೆಲ್ಲ ಆ್ಯಪ್‌ನಲ್ಲಿ ಎಲ್ಲಿ ಸಿಗುತ್ತವೆ?

ಹಂತ 1: ಅಂಗಡಿಗೆ ಹೋಗುವ ಮೊದಲು ಪ್ಲೇಯರ್ ತಿರುಗಿಸಿ ನೋಡಿ

ಚಾರ್ಜಿಂಗ್ ತೂತು ಯಾವ ಆಕಾರದ್ದು, ಇಯರ್‌ಫೋನ್ ತೂತು ಮಾಮೂಲಿ ದುಂಡನೆಯ 3.5 ಮಿಲಿಮೀಟರ್‌ನದೇ, ಕಾರ್ಡ್ ಎಷ್ಟು ಜಿಬಿವರೆಗೆ ಹಿಡಿಯುತ್ತದೆ. ಈ ಮೂರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕಾರ್ಡಿನ ಮಿತಿ ಡಬ್ಬದ ಮೇಲೋ ಒಳಗಿನ ಸಣ್ಣ ಪುಸ್ತಕದಲ್ಲೋ ಇರುತ್ತದೆ. ಇಲ್ಲವೇ, ಪ್ಲೇಯರನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಅದೇ ಒಳ್ಳೆಯದು.

ಹಂತ 2: ಮೆಮೊರಿ ಕಾರ್ಡು

ಮುಕ್ಕಾಲು ಪಾಲು ಜನ ಮೋಸ ಹೋಗುವುದು ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಎಷ್ಟು ದೊಡ್ಡದು ಬೇಕು ಎನ್ನುವ ಲೆಕ್ಕ. ಒಳ್ಳೆಯ ಗುಣಮಟ್ಟದ, ಅಂದರೆ 320 ಕೆಬಿಪಿಎಸ್‌ನ ಎಂಪಿ3 ಹಾಡು ಐದು ನಿಮಿಷದ್ದಾದರೆ ಸುಮಾರು 12 ಎಂಬಿ ಆಗುತ್ತದೆ. 32 ಜಿಬಿ ಕಾರ್ಡಿನಲ್ಲಿ ಅಂಥವು ಎರಡೂವರೆ ಸಾವಿರ ಹಿಡಿಯುತ್ತವೆ. ದಿನಕ್ಕೆ ಎಂಟು ತಾಸು ಕೇಳಿದರೂ ಒಂದು ಹಾಡು ಮತ್ತೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಕಳೆದಿರುತ್ತದೆ. ಇನ್ನೆಷ್ಟು ಬೇಕು? ನನ್ನ ಮಾತು ಕೇಳಿದರೆ 32 ಜಿಬಿ ತಗೊಂಡು ಸುಮ್ನೆ ಇರಿ.

ಜಿಪುಣತನಕ್ಕೆ ಹೇಳುತ್ತಿಲ್ಲ. 32 ಜಿಬಿವರೆಗಿನ ಕಾರ್ಡುಗಳು ಫ್ಯಾಟ್32 ಎನ್ನುವ, ಫೈಲು ಜೋಡಿಸಿಡುವ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಅಗ್ಗದ ಪ್ಲೇಯರ್‌ಗಳಿಗೆ, ಹಳೆಯ ಪ್ಲೇಯರ್‌ಗಳಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. 64 ಜಿಬಿ ಹಾಕಿದ ಕೂಡಲೇ "ಕಾರ್ಡ್ ಎರರ್" ಎನ್ನುತ್ತವೆ. ಅದನ್ನು ಫ್ಯಾಟ್32ಕ್ಕೆ ಬದಲಿಸಿ ಹಾಕಿದರೆ ಎಷ್ಟೋ ಸಲ ನಡೆಯುತ್ತದೆ, ಆದರೆ ಆ ಉಸಾಬರಿ ನಿಮಗೆ ಯಾಕೆ?

32 ಜಿಬಿ ಎಂದು ತಂದದ್ದು ಕಂಪ್ಯೂಟರಿನಲ್ಲಿ 29.8 ತೋರಿಸಿದರೆ ಗಾಬರಿ ಆಗಬೇಡಿ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ಅದಕ್ಕೇ ಆ ವ್ಯತ್ಯಾಸ, ಮೋಸ ಏನಿಲ್ಲ.

ನಿಜವಾದ ಮೋಸ ಬೇರೆ ಇದೆ. 4 ಜಿಬಿ ಅಥವಾ 8 ಜಿಬಿಯ ಚಿಪ್ಪಿಗೆ "ನಾನು 128 ಜಿಬಿ" ಎಂದು ಸುಳ್ಳು ಹೇಳುವುದನ್ನು ಕಲಿಸಿ, ಮೇಲೆ ಹೆಸರುವಾಸಿ ಕಂಪನಿಯ ಹೆಸರು ಅಚ್ಚು ಹಾಕಿ ಮಾರುತ್ತಾರೆ. ಫೋನಿಗೆ ಹಾಕಿದರೆ 128 ಎಂದೇ ತೋರಿಸುತ್ತದೆ. ಹಾಡು ತುಂಬಿಸಿದರೆ ತುಂಬಿಸಿಕೊಳ್ಳುತ್ತದೆ. ಪಟ್ಟಿಯಲ್ಲಿ ಎಲ್ಲ ಹಾಡಿನ ಹೆಸರೂ ಕಾಣುತ್ತದೆ, ಎಂಬಿ ಕೂಡ ಸರಿಯಾಗಿ ಇರುತ್ತದೆ. ಆದರೆ ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಎಲ್ಲಿಗೂ ಹೋಗಿರುವುದಿಲ್ಲ, ಇಲ್ಲವೇ ಮೊದಲಿನ ಹಾಡುಗಳ ಮೇಲೆಯೇ ಬರೆದಿರುತ್ತದೆ. ಪ್ಲೇಯರ್ ಆ ಹಾಡಿಗೆ ಬಂದಾಗ ಒಂದು ಕ್ಷಣ ತಡವರಿಸಿ ಮುಂದಕ್ಕೆ ಜಿಗಿಯುತ್ತದೆ, ಮತ್ತೆ ಜಿಗಿಯುತ್ತದೆ, ಕೊನೆಗೆ ನಿಂತೇಬಿಡುತ್ತದೆ. ಮೊದಲ ಕೆಲವು ನೂರು ಹಾಡು ಚೆಂದಾಗಿ ಬಂದು ಆಮೇಲೆ ಹೀಗಾಗುತ್ತಿದ್ದರೆ ಪ್ಲೇಯರ್ ಬೈಯಬೇಡಿ, ಕಾರ್ಡ್ ಕಿತ್ತು ನೋಡಿ.

ಪರೀಕ್ಷೆ ಮಾಡುವುದು ಹೀಗೆ. ವಿಂಡೋಸ್ ಕಂಪ್ಯೂಟರ್ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎನ್ನುವ ಪುಟ್ಟ ಪ್ರೋಗ್ರಾಮ್ ಪುಕ್ಕಟೆ ಸಿಗುತ್ತದೆ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಎಫ್3 ಎನ್ನುವುದು ಇದೆ. ಎರಡೂ ಮಾಡುವ ಕೆಲಸ ಒಂದೇ: ಕಾರ್ಡಿನ ತುದಿವರೆಗೂ ತಾನೇ ಏನೋ ಬರೆದು ತುಂಬಿಸುವುದು, ಆಮೇಲೆ ಬರೆದದ್ದೆಲ್ಲ ಹಾಗೆಯೇ ಇದೆಯೇ ಎಂದು ಓದಿ ನೋಡುವುದು. ಕಾರ್ಡ್ ಖಾಲಿ ಇರುವಾಗಲೇ, ಹಾಡು ಹಾಕಿಸುವ ಮೊದಲೇ ಇದನ್ನು ಮಾಡಿ. ಅರ್ಧ ಕಾರ್ಡಿಗೆ ಮಾತ್ರ ಪರೀಕ್ಷೆ ಮಾಡಿ "ಸರಿ ಐತಿ" ಎನ್ನಬೇಡಿ, ಸುಳ್ಳು ಇರುವುದು ಕೊನೆಯ ಭಾಗದಲ್ಲಿ. ಸೆಕೆಂಡಿಗೆ 10 ಎಂಬಿ ಬರೆಯುವ ಕಾರ್ಡಾದರೆ 32 ಜಿಬಿ ತುಂಬಲು ಸುಮಾರು ಒಂದು ತಾಸು ಬೇಕು, ಓದಲು ಇನ್ನಷ್ಟು. ಹಚ್ಚಿಟ್ಟು ಊಟ ಮಾಡಿ ಬನ್ನಿ.

ಕಂಪ್ಯೂಟರ್ ಇಲ್ಲದವರು ಕಾರ್ಡ್ ಹಾಕುವ ಫೋನಿನಲ್ಲಿ ದೊಡ್ಡ ದೊಡ್ಡ ವಿಡಿಯೊಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಾಪಿ ಮಾಡುತ್ತಾ ಹೋಗಿ, ಜಾಗ ಪೂರ್ತಿ ಮುಗಿಯುವವರೆಗೆ. ಆಮೇಲೆ ಕಾರ್ಡ್ ಹೊರಗೆ ತೆಗೆದು ಮತ್ತೆ ಹಾಕಿ. ಇದನ್ನು ಬಿಡಬೇಡಿ. ಈಗಷ್ಟೇ ಬರೆದದ್ದನ್ನು ಫೋನ್ ತನ್ನ ನೆನಪಿನಿಂದಲೇ ತೋರಿಸಿ ನಿಮ್ಮನ್ನು ಏಮಾರಿಸಬಹುದು. ನಂತರ ಮೊದಲನೆಯದು, ನಡುವಿನದು, ಕೊನೆಯದು ತೆರೆದು, ಅಲ್ಲಲ್ಲಿ ಮುಂದಕ್ಕೆ ಓಡಿಸಿ ನೋಡಿ. ಎಲ್ಲ ಓಡಿದರೆ ಹೆಚ್ಚುಕಡಿಮೆ ಅಸಲಿ.

ಬಿಲ್ ಇಲ್ಲದೆ ಕಾರ್ಡ್ ಕೊಳ್ಳಲೇಬೇಡಿ. ರಾಯಚೂರಿನ ತೀನ್ ಕಂದೀಲ್ ಆಗಲಿ, ಬಳ್ಳಾರಿಯ ಬೆಂಗಳೂರು ರಸ್ತೆ ಆಗಲಿ, ನಾಳೆಯೂ ಅಲ್ಲೇ ಇರುವ ಅಂಗಡಿಯಲ್ಲಿ ತಗೊಳ್ಳಿ. "ಪರೀಕ್ಷೆ ಮಾಡ್ತೀನಿ, ನಕಲಿ ಆದ್ರ ವಾಪಸ್ ತರ್ತೀನಿ" ಎಂದು ಮೊದಲೇ ಹೇಳಿ. ಅಸಲಿ ಮಾರುವವನು "ಧಾರಾಳ ತರ್ರಿ" ಎನ್ನುತ್ತಾನೆ. ಇನ್ನೊಬ್ಬ ಕಾರ್ಡನ್ನು ಮೆಲ್ಲಗೆ ಒಳಗಿಟ್ಟು ಬೇರೆ ಕಾರ್ಡ್ ತೆಗೆಯುತ್ತಾನೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಬಳೆ ತಗೊಳ್ಳಿ, ಮಿರ್ಚಿ ಮಂಡಕ್ಕಿ ತಿನ್ನಿ. ಕಾರ್ಡ್ ಮಾತ್ರ ತರಬೇಡಿ.

ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 4ಕೆ ವಿಡಿಯೊಗೆಂದು ಮಾಡಿದ ದುಬಾರಿ ಕಾರ್ಡ್ ಹಾಡಿಗೆ ದಂಡ. 320 ಕೆಬಿಪಿಎಸ್ ಹಾಡು ಓದಲು ಸೆಕೆಂಡಿಗೆ 40 ಕೆಬಿ ಸಾಕು.

ಇನ್ನೊಂದು ದೂರು: "ಹಾಡು ಅಡ್ಡಾದಿಡ್ಡಿ ಬರ್ತಾವ." ಅಗ್ಗದ ಪ್ಲೇಯರ್‌ಗಳು ಹೆಸರಿನ ಅಕ್ಷರ ನೋಡುವುದಿಲ್ಲ. ಯಾವ ಹಾಡು ಮೊದಲು ಕಾಪಿ ಆಯಿತೋ ಅದನ್ನು ಮೊದಲು ನುಡಿಸುತ್ತವೆ. ಬಯಲಾಟದ ಪ್ರಸಂಗ ಕ್ರಮವಾಗಿ ಬರಬೇಕಿದ್ದರೆ ಹೆಸರಿನ ಮುಂದೆ 001, 002 ಎಂದು ಹಾಕಿ, ಖಾಲಿ ಕಾರ್ಡಿಗೆ ಅದೇ ಕ್ರಮದಲ್ಲಿ ಒಂದೊಂದಾಗಿ ಹಾಕಿಸಿ. ಅಂಗಡಿಯ ಹುಡುಗ ಎಲ್ಲ ಒಟ್ಟಿಗೆ ಸುರಿಯಲು ಹೋದರೆ ತಡೆಯಿರಿ.

ಹಂತ 3: ಇಯರ್‌ಫೋನು

ವೈರ್ ಇರುವುದನ್ನೇ ತಗೊಳ್ಳಿ. ಇದು ನನ್ನ ಹಟ ಎಂದೇ ತಿಳಿಯಿರಿ. ಬ್ಲೂಟೂತ್‌ನದಾದರೆ ಎರಡು ಬ್ಯಾಟರಿ ಕಾಯಬೇಕು. ಅದೂ ಅಲ್ಲದೆ, ಡಬ್ಬದ ಮೇಲೆ ಬ್ಲೂಟೂತ್ ಎಂದು ಬರೆದಿರುವ ಕೆಲವು ಪೆಟ್ಟಿಗೆಗಳು ಫೋನಿನಿಂದ ಹಾಡು ಪಡೆಯುತ್ತವೆ ಅಷ್ಟೆ, ತಾವಾಗಿ ಇಯರ್‌ಫೋನಿಗೆ ಕಳಿಸುವುದಿಲ್ಲ. ಮನೆಗೆ ಬಂದ ಮೇಲೆ ಇದು ಗೊತ್ತಾದರೆ ಏನು ಬಂತು? ಇನ್ನು ಎಫ್‌ಎಂ ಇರುವ ಬಹಳಷ್ಟು ಪ್ಲೇಯರ್‌ಗಳಿಗೆ ಇಯರ್‌ಫೋನಿನ ವೈರೇ ಏರಿಯಲ್. ವೈರ್ ಸಿಕ್ಕಿಸದೆ ಬಳ್ಳಾರಿ ಆಕಾಶವಾಣಿಯನ್ನೂ ಹಿಡಿಯುವುದಿಲ್ಲ, ರಾಯಚೂರಿನದನ್ನೂ ಹಿಡಿಯುವುದಿಲ್ಲ.

ಡಬ್ಬದ ಮೇಲೆ ಓಮ್ ಎಂದು ಒಂದು ಸಂಖ್ಯೆ ಇರುತ್ತದೆ, ಅದು ಇಯರ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. 16ರಿಂದ 32ರ ಒಳಗಿದ್ದರೆ ಸಾಕು. ಸ್ಟುಡಿಯೊದವರ 250 ಓಮ್‌ನ ದೊಡ್ಡ ಹೆಡ್‌ಫೋನನ್ನು ಈ ಪುಟ್ಟ ಪೆಟ್ಟಿಗೆಗೆ ಹಚ್ಚಿದರೆ ದನಿ ಕುಂಯ್ ಎನ್ನುತ್ತದೆ. ಹೇಗೂ ಕಿವಿ ಮುಚ್ಚುವ ಹೆಡ್‌ಫೋನ್ ನಮ್ಮ ಮೇ ತಿಂಗಳಿಗೆ ಹೇಳಿದ್ದಲ್ಲ, ಕಿವಿ ಬೆವರಿ ಬೇಯುತ್ತದೆ.

ಎಲ್ಲರೂ ಕಡೆಗಣಿಸುವುದು ತುದಿಯ ರಬ್ಬರು. ಡಬ್ಬದಲ್ಲಿ ಸಣ್ಣದು, ದೊಡ್ಡದು ಎಂದು ಇನ್ನೆರಡು ಜೊತೆ ಒಂದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತವೆ. ಜನ ಅದನ್ನು ಡಬ್ಬದ ಜೊತೆಗೇ ಎಸೆಯುತ್ತಾರೆ. ನಡುವಿನ ಅಳತೆ ಎಲ್ಲರ ಕಿವಿಗೂ ಕೂರುವುದಿಲ್ಲ. ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಬೇಕಾಗುವುದೂ ಉಂಟು. ಡೊಳ್ಳು ಇರುವ ಹಾಡೊಂದನ್ನು ಹಚ್ಚಿ. ಒಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿದು ಇನ್ನೊಂದು ಕೈಯಿಂದ ಇಯರ್‌ಫೋನ್ ತಿರುಗಿಸುತ್ತಾ ಒಳಗೆ ಕೂರಿಸಿ. ಈಗ ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಡೊಳ್ಳಿನ ಪೆಟ್ಟು ದಪ್ಪಗಾಗಿ, ಬಿಟ್ಟಾಗ ತೆಳ್ಳಗಾದರೆ ಗಾಳಿ ಸೋರುತ್ತಿದೆ, ದೊಡ್ಡ ರಬ್ಬರ್ ಹಾಕಿ ನೋಡಿ. ಒತ್ತಿದರೂ ಬಿಟ್ಟರೂ ಒಂದೇ ಥರ ಕೇಳಿದರೆ ಸರಿ ಕೂತಿದೆ. "ಬಾಸ್ ಬರಲ್ಲ" ಎಂದು ದುಬಾರಿ ಇಯರ್‌ಫೋನ್ ಹುಡುಕುವವರಿಗೆ ಎಷ್ಟೋ ಸಲ ಬೇಕಾಗಿರುವುದು ಇಷ್ಟೇ. ಫೋಮ್ ತುದಿ ಚೆನ್ನಾಗಿ ಕೂರುತ್ತದೆ, ಆದರೆ ಬೆವರು, ಧೂಳು ಹೀರಿಕೊಂಡು ಬೇಗ ಹಾಳಾಗುತ್ತದೆ. ನಮ್ಮ ಕಡೆಗೆ ತೊಳೆಯಲು ಬರುವ ಸಿಲಿಕಾನ್ನೇ ವಾಸಿ.

ಸರಿ ಕೂತರೆ ವಾಲ್ಯೂಮ್ ಕೂಡ ಜಾಸ್ತಿ ಬೇಕಾಗುವುದಿಲ್ಲ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ತಾಸು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ದನಿ 3 ಡೆಸಿಬೆಲ್ ಏರಿದರೆ ಆ ತಾಸು ಅರ್ಧಕ್ಕೆ ಇಳಿಯುತ್ತದೆ. ಗಿರಣಿಯ ಗದ್ದಲ ಮೀರಿಸಲು ಪೂರ್ತಿ ಏರಿಸುವವರು ಇದನ್ನು ನೆನಪಿಡಬೇಕು.

ಒಂದು ವಿಚಿತ್ರ ತೊಂದರೆ ಗೊತ್ತಿರಲಿ. ವಾದ್ಯ ಎಲ್ಲ ಕೇಳುತ್ತದೆ, ಹಾಡುವವರ ದನಿ ಮಾತ್ರ ಮಾಯ, ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ! ಮೈಕ್ ಇರುವ ಇಯರ್‌ಫೋನಿನ ಪಿನ್ನಿಗೆ ಮೂರು ಕಪ್ಪು ಉಂಗುರ ಇರುತ್ತವೆ, ಮೈಕ್ ಇಲ್ಲದ್ದಕ್ಕೆ ಎರಡು. ಮೈಕ್ ಇರುವುದು ಕೆಲವು ಪ್ಲೇಯರ್‌ಗೆ ಸರಿಯಾಗಿ ಹೊಂದದೆ ಅರ್ತ್ ತಪ್ಪಿದರೆ ಹೀಗಾಗುತ್ತದೆ. ಪ್ಲೇಯರ್‌ಗೆ ಮೈಕ್ ಯಾತಕ್ಕೆ? ಎರಡು ಉಂಗುರದ್ದು ತಗೊಳ್ಳಿ. ಉಂಗುರ ಎರಡೇ ಇದ್ದೂ ಹೀಗಾದರೆ ಪಿನ್ ಪೂರ್ತಿ ಒಳಗೆ ಹೋಗಿಲ್ಲ ಎಂದರ್ಥ. ತೂತಿನಲ್ಲಿ ಅದಿರಿನ ಕೆಂಪು ಧೂಳು, ಹತ್ತಿಯ ನಾರು ಸೇರಿ ಗಟ್ಟಿಯಾಗಿರುತ್ತದೆ. ಪ್ಲೇಯರ್ ಆಫ್ ಮಾಡಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ, ಬೋರಲು ಹಾಕಿ ತಟ್ಟಿ. ಸೂಜಿ ಬೇಡ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ.

ಹಂತ 4: ಚಾರ್ಜರ್, ವೈರು

ಮನೆಯಲ್ಲಿ ಬಿದ್ದಿರುವ ಹಳೆಯ ಫೋನಿನ 5 ವೋಲ್ಟ್, 1 ಆಂಪಿಯರ್ ಚಾರ್ಜರ್ ಸಾಕು, ಹೊಸದು ಕೊಳ್ಳಬೇಡಿ. ಕೊಳ್ಳಲೇಬೇಕಿದ್ದರೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಅದರ ಜೊತೆ ಆರ್ ಅಕ್ಷರದ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ.

ಟೈಪ್ ಸಿ ತೂತು ಇದ್ದೂ ಚಾರ್ಜ್ ಆಗದಿದ್ದರೆ ವೈರ್ ಬದಲಿಸಿ. ಎರಡೂ ತುದಿ ಟೈಪ್ ಸಿ ಇರುವ ವೈರಿನಲ್ಲಿ, ಪ್ಲೇಯರಿನ ಒಳಗೆ ಸರಿಯಾದ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಕಾಣದಿದ್ದರೆ ಚಾರ್ಜರ್ ಕರೆಂಟ್ ಬಿಡುವುದೇ ಇಲ್ಲ. ಅಗ್ಗದ ಪ್ಲೇಯರ್ ಮಾಡುವವರು ಆ ಚಿಕ್ಕಾಸಿನ ರೆಸಿಸ್ಟರನ್ನೇ ಉಳಿಸಿರುತ್ತಾರೆ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ವೈರ್ ಹಾಕಿ, ಚಾರ್ಜ್ ಆಗುತ್ತದೆ. ಪವರ್‌ಬ್ಯಾಂಕ್ ತಾನೇ ಆಫ್ ಆಗುವುದಕ್ಕೂ ಕಾರಣ ಇದೆ: ಪುಟ್ಟ ಪ್ಲೇಯರ್ ಎಳೆಯುವ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ, ಏನೂ ಸಿಕ್ಕಿಸಿಲ್ಲ ಎಂದುಕೊಳ್ಳುತ್ತದೆ.

ಲಾರಿಯವರು ಗಮನಿಸಿ. ಕಾರಿಗೆ 12 ವೋಲ್ಟ್, ದೊಡ್ಡ ಲಾರಿಗೆ 24 ವೋಲ್ಟ್. ಕಾರಿನದಷ್ಟೇ ಆದ ಚಾರ್ಜರನ್ನು ಲಾರಿಗೆ ಚುಚ್ಚಿದರೆ ಚಾರ್ಜರ್ ಸುಡುತ್ತದೆ, ಜೊತೆಗೆ ಪ್ಲೇಯರನ್ನೂ ಸುಡಬಹುದು. "12-24" ಎಂದು ಬರೆದಿರುವುದನ್ನೇ ತಗೊಳ್ಳಿ. ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿನಲ್ಲಿಟ್ಟು ಚಾರ್ಜ್ ಮಾಡಬೇಡಿ. ಸಾಮಾನ್ಯ ಲಿಥಿಯಂ ಬ್ಯಾಟರಿಗೆ ಚಾರ್ಜ್ ಆಗುವಾಗ 45 ಡಿಗ್ರಿಯೇ ಮಿತಿ. ರಾಯಚೂರಿನ ಬಿಸಿಲಿಗೆ ಕ್ಯಾಬಿನ್ ಒಳಗೆ ಅದು ಯಾವಾಗಲೋ ದಾಟಿರುತ್ತದೆ. ಬ್ಯಾಟರಿ ಉಬ್ಬಿ ಪ್ಲೇಯರಿನ ಬೆನ್ನು ಎದ್ದು ಬಂದಿದ್ದರೆ ಒತ್ತಿ ಕೂರಿಸಲು ಹೋಗಬೇಡಿ. ಚಾರ್ಜ್ ಹಾಕುವುದನ್ನು ಅಂದೇ ನಿಲ್ಲಿಸಿ.

ಹಂತ 5: ಕವರು

ಇಯರ್‌ಫೋನ್ ಪಿನ್ ಪೂರ್ತಿ ಒಳಗೆ ಹೋಗುವಷ್ಟು ಅಗಲ ತೂತಿರುವ ಯಾವ ಕವರ್ ಆದರೂ ನಡೆಯುತ್ತದೆ. ಬಿಸಿಲಿಗೆ ಅಂಟಂಟಾಗುವ ಕಪ್ಪು ರಬ್ಬರಿನದು ಮಾತ್ರ ಬೇಡ. ಮನೆಯಲ್ಲಿ ಯಾರಿಗಾದರೂ ಹೊಲಿಗೆ ಬರುತ್ತಿದ್ದರೆ ಹಳೆಯ ಜೀನ್ಸಿನ ಜೇಬು ಕತ್ತರಿಸಿ ಒಂದು ಚೀಲ ಹೊಲಿಸಿಕೊಳ್ಳಿ, ಅಂಗಡಿಯ ಕವರ್‌ಗಿಂತ ಜಾಸ್ತಿ ಬಾಳುತ್ತದೆ.