ಸಿಎಚ್‌ಎ ಇಲ್ಲದೆ ಟಿಆರ್ ಸಾಮಾನು ಬಿಡಿಸಿಕೊಂಡೆ: ನನ್ನ ಅನುಭವ

“ಸಿಎಚ್‌ಎ ಹಿಡಿಯದೆ ಪೋರ್ಟ್ ಕಡೆ ಹೋಗಬೇಡ, ಸಾಮಾನು ಅಲ್ಲೇ ಕೊಳೆಯುತ್ತೆ.” ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ಸಿಎಚ್‌ಎ ಅಂದರೆ ನಮ್ಮ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್. ನನಗಿಂತ ಮೊದಲು ವಾಪಸ್ ಬಂದಿದ್ದ ಗೆಳೆಯರು ಹೇಳಿದರು, ಭಾವ ಹೇಳಿದರು, ಪ್ಯಾಕರ್ಸ್ ಕಂಪನಿಯವರು ವಾರಕ್ಕೆರಡು ಸಲ ಫೋನ್ ಮಾಡಿ ಹೇಳಿದರು. ನಾನು ಹಟ ಬಿಡಲಿಲ್ಲ. ಒಂಬತ್ತು ದಿನ ಓಡಾಡಿದೆ, ಎರಡು ಸಲ ಬರಿಗೈಲಿ ವಾಪಸ್ ಬಂದೆ, ಆದರೆ 43 ಪೆಟ್ಟಿಗೆಯೂ ಮನೆ ಸೇರಿತು. ದುಡ್ಡು ಒಂದೂಮುಕ್ಕಾಲು ಲಕ್ಷದ ಹತ್ತಿರ ಉಳಿಯಿತು. ಟಿಆರ್ ಅಂದರೆ ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್, ವಿದೇಶದಲ್ಲಿದ್ದು ವಾಪಸ್ ಬಂದು ನೆಲೆಸುವವರ ಮನೆ ಸಾಮಾನಿಗೆ ಸಿಗುವ ಸುಂಕದ ರಿಯಾಯಿತಿ. ಎಲ್‌ಸಿಎಲ್ ಅಂದರೆ ಇಡೀ ಕಂಟೇನರ್ ಹಿಡಿಯದೆ, ಬೇರೆಯವರ ಸಾಮಾನಿನ ಜೊತೆ ಒಂದೇ ಕಂಟೇನರ್‌ನಲ್ಲಿ ಕಳಿಸುವುದು.

ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆರು ವರ್ಷ ಇದ್ದು 2022ರ ಸೆಪ್ಟೆಂಬರ್ ಕೊನೆಗೆ ಮೈಸೂರಿಗೆ ಬಂದೆವು. ಆಗ ನಡೆಯುತ್ತಿದ್ದದ್ದು 2016ರ ಬ್ಯಾಗೇಜ್ ನಿಯಮಗಳು. ಈಗ ಬರುವವರು ತಾವು ಬರುವ ದಿನದ ನಿಯಮ ತೆಗೆದು ನೋಡಿ, ನನ್ನ ಅಂಕಿಗಳನ್ನೇ ನಂಬಿಕೊಂಡು ಹೊರಡಬೇಡಿ.

ಏನು ತರಬೇಕು, ಏನು ಮಾರಬೇಕು ಅನ್ನುವುದನ್ನು ಆ ನಿಯಮದ ಅನುಬಂಧಗಳನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಿದೆ. ಫ್ಲ್ಯಾಟ್ ಪ್ಯಾನೆಲ್ ಟಿವಿ ಇದ್ದದ್ದು ಅನುಬಂಧ 1ರಲ್ಲಿ, ಬಂದೂಕು ಸಿಗರೇಟುಗಳ ಸಾಲಿನಲ್ಲಿ. ಟಿಆರ್ ಇದ್ದರೂ ಅದಕ್ಕೆ ರಿಯಾಯಿತಿ ಇರಲಿಲ್ಲ, ಸರ್‌ಚಾರ್ಜ್ ಸೇರಿ ಶೇಕಡಾ 38.5. ಮಾರಿಬಿಟ್ಟೆ. ಫ್ರಿಜ್ 310 ಲೀಟರ್ ಇತ್ತು. 300 ದಾಟಿದರೆ ಅನುಬಂಧ 2, ಸುಂಕ ಬೀಳುತ್ತಿತ್ತು. 300ರೊಳಗಿದ್ದರೆ ಅನುಬಂಧ 3, ಒಟ್ಟು ಮಿತಿಯೊಳಗೆ ಸುಂಕವಿರಲಿಲ್ಲ. ಬರೀ ಹತ್ತು ಲೀಟರ್‌ಗೋಸ್ಕರ ಒಳ್ಳೆ ಫ್ರಿಜ್ ಮಾರಿದೆ, ಇವತ್ತಿಗೂ ಬೇಜಾರಿದೆ. ವಾಷಿಂಗ್ ಮೆಷಿನ್ ಅನುಬಂಧ 3, ಯೋಚನೆಯೇ ಮಾಡಲಿಲ್ಲ. ಡಿಶ್‌ವಾಷರ್ ಕೂಡ ಅನುಬಂಧ 2ರದೇ, ಆದರೆ ಟಿಆರ್‌ನಲ್ಲಿ ಅದಕ್ಕೆ ಬೀಳುತ್ತಿದ್ದದ್ದು ಶೇಕಡಾ 15 ಮತ್ತು ಅದರ ಮೇಲೆ ಸರ್‌ಚಾರ್ಜ್, ಒಟ್ಟು 16.5. ಅದನ್ನು ಜೊತೆಗೆ ತಂದೆ. ಜರ್ಮನಿಯದ್ದೂ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಝ್, ಹಾಗಾಗಿ ಮೆಷಿನ್ ತರುವುದಕ್ಕೆ ಅರ್ಥವಿತ್ತು. ಅಮೆರಿಕದಿಂದ ಬರುವವರು ಈ ಸಾಹಸ ಮಾಡಬೇಡಿ.

ಎಲ್ಲರಿಗೂ ಇದ್ದ ದೊಡ್ಡ ಅನುಮಾನ ನನಗೆ ಟಿಆರ್ ಸಿಗುತ್ತೋ ಇಲ್ವೋ ಅಂತ. ಸುಂಕವಿಲ್ಲದೆ ತರಲು ಐದು ಲಕ್ಷದ ಮಿತಿ ಬೇಕಿದ್ದರೆ ಎರಡು ವರ್ಷ ಹೊರಗಿರಬೇಕಿತ್ತು, ಆ ಎರಡು ವರ್ಷದಲ್ಲಿ ಊರಿಗೆ ಬಂದುಹೋದ ದಿನಗಳು ಒಟ್ಟು ಆರು ತಿಂಗಳು ದಾಟಬಾರದಿತ್ತು. ನಾನು ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರ್‌ನಿಂದ, ಮೈಸೂರಿನಲ್ಲೇ ಕೂತು ಕೆಲಸ ಮಾಡಿದ್ದೆ. ಆಮೇಲೆ 2022ರ ಶುರುವಿನಲ್ಲಿ ತಂಗಿ ಮದುವೆಗೆ ಬಂದಿದ್ದೆ. “ನಿನ್ನದು ಕೈ ಬಿಟ್ಟ ಹಾಗೇ” ಅಂದರು. ಪಾಸ್‌ಪೋರ್ಟ್ ಹಿಡಿದು ಒಂದೊಂದೇ ಮೊಹರು ನೋಡಿ ದಿನ ಎಣಿಸಿದೆ: 118, ಮತ್ತೆ 40, ಒಟ್ಟು 158. ಆರು ತಿಂಗಳಿಗೆ ಮೂರು ವಾರ ಕಡಿಮೆ. ಇದನ್ನು ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ, ಪ್ರತಿ ಸಾಲಿನ ಮುಂದೆ ಆ ಮೊಹರು ಪಾಸ್‌ಪೋರ್ಟ್‌ನ ಯಾವ ಪುಟದಲ್ಲಿದೆ ಅಂತ ಬರೆದೆ. ಸ್ಟುಟ್‌ಗಾರ್ಟ್ ಬಿಡುವಾಗ ಅಲ್ಲಿನ ನಗರ ಕಚೇರಿ ಕೊಡುವ ಅಬ್‌ಮೆಲ್ಡುಂಗ್ ಪತ್ರವನ್ನೂ ಜೊತೆಗೆ ಪಿನ್ ಮಾಡಿದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಹೆಮ್ಮೆ ಇರುವುದು ಈ ಒಂದು ಹಾಳೆ ಬಗ್ಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ಯಾಕಿಂಗ್‌ನಲ್ಲಿ ಮೊದಲನೇ ತಪ್ಪು ಬಾಳೆಹಣ್ಣಿನ ಪೆಟ್ಟಿಗೆ. ಸೂಪರ್‌ಮಾರ್ಕೆಟ್‌ನಲ್ಲಿ ಸುಮ್ನೆ ಕೊಡುತ್ತಾರೆ, ಗಟ್ಟಿಮುಟ್ಟಾಗಿರುತ್ತೆ, ಹಿಡಿಕೆ ತೂತೂ ಇರುತ್ತೆ. ಆದರೆ ಅದರ ತಳದಲ್ಲೂ ಮುಚ್ಚಳದಲ್ಲೂ ಗಾಳಿಯಾಡಲಿ ಅಂತ ದೊಡ್ಡ ಕಿಂಡಿ ಬಿಟ್ಟಿರುತ್ತಾರೆ. ಒಳಗೆ ರಟ್ಟು ಹಾಸಿ ಹನ್ನೆರಡು ಪೆಟ್ಟಿಗೆ ತುಂಬಿದೆ. ಪುಸ್ತಕದ ಪೆಟ್ಟಿಗೆ ಎತ್ತಿದ ತಕ್ಷಣ ರಟ್ಟು ಬಾಗಿ ಮಗಳ ಪುಸ್ತಕ ಎಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಹನ್ನೆರಡನ್ನೂ ಬಿಚ್ಚಿ ಮತ್ತೆ ಎರಡು ಪದರದ ರಟ್ಟಿನ ಪೆಟ್ಟಿಗೆ ಕೊಂಡೆ. ಒಂದು ವಾರಾಂತ್ಯ ಹಾಳು.

ಎರಡನೆಯದು ವಾಷಿಂಗ್ ಮೆಷಿನ್. ಅದರ ಡ್ರಮ್ ಅಲುಗಾಡದಂತೆ ಹಿಂದುಗಡೆ ಹಾಕುವ ನಾಲ್ಕು ಬೋಲ್ಟ್ ಇರುತ್ತವಲ್ಲ, ಅವನ್ನು ಆರು ವರ್ಷದ ಹಿಂದೆ ಎಲ್ಲೋ ಇಟ್ಟು ಮರೆತಿದ್ದೆ. ಬೋಲ್ಟ್ ಇಲ್ಲದೆ ಹಡಗು ಹತ್ತಿಸಿದರೆ ಡ್ರಮ್ ಬಡಿದು ಒಡೆಯುವುದು ಗ್ಯಾರಂಟಿ. ಮಾಡೆಲ್ ನಂಬರ್ ಕೊಟ್ಟು ಹೊಸದು ತರಿಸಿದೆ, ಹದಿನೈದು ಯೂರೋ ಇರಬೇಕು.

ಮೂರನೆಯದು ಮರ. ಡಿಶ್‌ವಾಷರ್‌ಗೆ ಗೆಳೆಯನೊಬ್ಬ ಪೈನ್ ಹಲಗೆಯಲ್ಲಿ ಚೆಂದದ ಕ್ರೇಟ್ ಮಾಡಿಕೊಟ್ಟಿದ್ದ. ಫಾರ್ವರ್ಡರ್ (ಸಾಮಾನು ಸಾಗಿಸುವ ಕಂಪನಿ) ಗೋದಾಮಿನವನು ಫೋಟೋ ನೋಡಿಯೇ ಬೇಡ ಅಂದ. ಪ್ಯಾಕಿಂಗ್ ಮರಕ್ಕೆ ಐಎಸ್‌ಪಿಎಂ 15ರ, ಅಂದರೆ ಮರದ ಜೊತೆ ಹುಳ ಬರದಂತೆ ಇರುವ ಅಂತರರಾಷ್ಟ್ರೀಯ ನಿಯಮದ, ಮೊಹರು ಇರಲೇಬೇಕು, ಗೋಧಿ ತೆನೆಯ ಗುರುತಿನ ಪಕ್ಕ ‘ಎಚ್‌ಟಿ’ ಅಂತ ಇದ್ದರೆ ಬಿಸಿ ಮಾಡಿದ ಮರ ಅಂತ ಅರ್ಥ. ಹಲಗೆ ಎಷ್ಟೇ ಚೆನ್ನಾಗಿರಲಿ, ಮೊಹರಿಲ್ಲದಿದ್ದರೆ ಕೆಲಸಕ್ಕೆ ಬರಲ್ಲ. ಕ್ರೇಟ್ ಬಿಚ್ಚಿ, ಮೊಹರಿದ್ದ ಯೂರೋ ಪ್ಯಾಲೆಟ್ ತಂದೆವು. 120 ಸೆಂಟಿಮೀಟರ್ ಉದ್ದ, 80 ಅಗಲ. ಪೆಟ್ಟಿಗೆಗಳ ಅಳತೆಯನ್ನೂ ಇದಕ್ಕೆ ಹೊಂದುವ ಹಾಗೇ ಆರಿಸಿದ್ದರಿಂದ ಗಾಳಿಗೆ ದುಡ್ಡು ಕೊಡುವುದು ತಪ್ಪಿತು. ಮೊದಲು ಹತ್ತೂವರೆ ಸಿಬಿಎಂ (ಘನ ಮೀಟರ್) ಬಂದಿದ್ದದ್ದು ಎಂಟಕ್ಕೆ ಇಳಿಯಿತು. ಪೆಟ್ಟಿಗೆ ಜೋಡಿಸುವ ಕ್ರಮದಲ್ಲಿ ಒಂದು ಉಪಾಯ ಇದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಜೊತೆಗೇ ಒಂದು ಪ್ರಯೋಗ ಮಾಡಿದೆ. ಆರು ವಾರ ಸಮುದ್ರದ ಮೇಲೆ ಇರುತ್ತೆ, ಕೊಲಂಬೊದಲ್ಲಿ ಹಡಗು ಬದಲಾಗುತ್ತೆ, ತೇವ ಹಿಡಿಯದೆ ಇರಲ್ಲ. ಬಟ್ಟೆಯ ನಾಲ್ಕು ಪೆಟ್ಟಿಗೆ ಬೇರೆ ಬೇರೆ ಥರ ಮಾಡಿದೆ. ಒಂದರಲ್ಲಿ ಬರೀ ನ್ಯೂಸ್‌ಪೇಪರ್. ಒಂದರಲ್ಲಿ ನೆಲಮಾಳಿಗೆಗೆ ಇಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬ. ಒಂದರಲ್ಲಿ ಗಾಳಿ ತೆಗೆದ ಚೀಲ. ಇನ್ನೊಂದರಲ್ಲಿ ಬೆಕ್ಕಿನ ಮಲಕ್ಕೆ ಹಾಕುವ ಸಿಲಿಕಾ ಹರಳನ್ನು ಹಳೆ ಸಾಕ್ಸ್‌ಗೆ ತುಂಬಿ ಗಂಟು ಹಾಕಿ ಇಟ್ಟೆ. ಪೇಪರ್ ಪೆಟ್ಟಿಗೆ ಮುಗ್ಗಲು ವಾಸನೆ ಬಂತು. ಕ್ಲೋರೈಡ್ ಡಬ್ಬ ನೀರು ಚೆನ್ನಾಗಿ ಎಳೆದಿತ್ತು, ಆದರೆ ದಾರಿಯಲ್ಲಿ ಮಗುಚಿ ಎರಡು ಬೆಡ್‌ಶೀಟ್ ಜಿಗಟು ಮಾಡಿತು. ಚೀಲ ಪರವಾಗಿಲ್ಲ, ಒಂದು ತೂತಾಗಿತ್ತು. ಸಾಕ್ಸ್ ಪೆಟ್ಟಿಗೆ ಮಾತ್ರ ಇಸ್ತ್ರಿ ಮಾಡಿ ಇಟ್ಟ ಹಾಗೇ ಇತ್ತು. ಒಂದು ಪೊಟ್ಟಣ ಹರಳು ಆರು ಯೂರೋ, ಹತ್ತು ಸಾಕ್ಸ್ ತುಂಬುತ್ತೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಮನೆಯಿಂದ ಮನೆಗೆ ಅಂತ ಕೊಟ್ಟ ಕಡಿಮೆ ಕೊಟೇಶನ್ 4,900 ಯೂರೋ, ಆಗಿನ ಲೆಕ್ಕದಲ್ಲಿ ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆ. ನಾನು ಬರೀ ಮನೆಯಿಂದ ಹ್ಯಾಂಬರ್ಗ್ ಬಂದರು, ಅಲ್ಲಿಂದ ಚೆನ್ನೈವರೆಗೆ ಎಲ್‌ಸಿಎಲ್ ಬುಕ್ ಮಾಡಿದೆ, ಸುಮಾರು 1,250 ಯೂರೋ. ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಬಿಎಲ್, ಅಂದರೆ ಹಡಗಿಗೆ ಸಾಮಾನು ಕೊಟ್ಟದ್ದಕ್ಕೆ ರಸೀದಿ ಪತ್ರ, ಕೈಗೆ ಬಂತು. ನಾವು ಊರು ತಲುಪಿ ಒಂದು ತಿಂಗಳೊಳಗೆ ಸಾಮಾನು ರವಾನೆ ಆಗಿರಬೇಕು ಅನ್ನುವ ಷರತ್ತು ಇತ್ತು, ನಾನು ಹೊರಡುವ ಮುಂಚೆಯೇ ಕಳಿಸಿದ್ದರಿಂದ ಆ ಚಿಂತೆ ಇರಲಿಲ್ಲ. ಸಾಮಾನು ನಮಗಿಂತ ಮುಂಚೆ ಬಂದು ಕೂತರೂ ಎರಡು ತಿಂಗಳವರೆಗೆ ಅಡ್ಡಿಯಿರಲಿಲ್ಲ.

ಆದರೆ ಆ ಬಿಎಲ್‌ನಲ್ಲೇ ಒಂದು ತಪ್ಪು ಕೂತಿತ್ತು. ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರಿನ ಜೊತೆ ಊರಿನ ಹೆಸರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದಿದೆ. ಜರ್ಮನಿಯಲ್ಲಿ ಬಾಗಿಲ ಮೇಲೂ ಬಿಲ್‌ಗಳಲ್ಲೂ ಎರಡು ಇನಿಷಿಯಲ್ ಸಾಕಾಗಿತ್ತು. ಬುಕಿಂಗ್‌ನಲ್ಲೂ ಅದನ್ನೇ ಕೊಟ್ಟೆ. ಅದೇ ಬಿಎಲ್‌ಗೆ ಹೋಯಿತು, ಬಿಎಲ್‌ನಿಂದ ಐಜಿಎಂಗೆ, ಅಂದರೆ ಹಡಗಿನಲ್ಲಿ ಬಂದ ಸರಕಿನ ಬಗ್ಗೆ ಕಸ್ಟಮ್ಸ್‌ಗೆ ಕೊಡುವ ಪಟ್ಟಿಗೆ, ಹೋಯಿತು. ಚೆನ್ನೈನಲ್ಲಿ ಮೊದಲ ದಿನ ಕಸ್ಟಮ್ಸ್ ಕೌಂಟರ್‌ನವರು ಪಾಸ್‌ಪೋರ್ಟ್ ಮತ್ತು ಐಜಿಎಂ ಸಾಲು ಪಕ್ಕಪಕ್ಕ ಇಟ್ಟು ನೋಡಿ, ಇವರಿಬ್ಬರೂ ಒಬ್ಬರೇ ಅಂತ ನಾನು ಹೇಗೆ ನಂಬಲಿ ಅಂದರು. ಕೇಳಿದ್ದು ಸರಿಯಾಗಿಯೇ ಇತ್ತು. ತಿದ್ದುಪಡಿಗೆ ಸಾಗಣೆ ಕಂಪನಿಯ ಏಜೆಂಟ್ ಕಡೆಯಿಂದ ಅರ್ಜಿ ಹೋಗಬೇಕು, ಫೀಸ್ ಬೇರೆ. ಆರು ಸಾವಿರ ಚಿಲ್ಲರೆ. ಅಷ್ಟರಲ್ಲಿ ಅಕ್ಟೋಬರ್ 24ರ ದೀಪಾವಳಿ ಬಂತು. ರಜೆಯಲ್ಲಿ ಕೌಂಟರ್ ನಡೆಯಲಿಲ್ಲ, ಗೋದಾಮಿನ ಬಾಡಿಗೆ ಮಾತ್ರ ನಡೆಯಿತು. ನಾನು ಹಬ್ಬಕ್ಕೆ ಮೈಸೂರಿಗೆ ಬಂದು, ಎಣ್ಣೆ ಸ್ನಾನ ಮಾಡಿ, ಮತ್ತೆ ರಾತ್ರಿ ರೈಲು ಹತ್ತಿದೆ. ನಮ್ಮ ಕಡೆಯವರಲ್ಲಿ ಇನಿಷಿಯಲ್ ಇರುವವರೇ ಜಾಸ್ತಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ: ಬುಕಿಂಗ್‌ನಲ್ಲಿ ಪಾಸ್‌ಪೋರ್ಟ್ ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಬರೆಯಿರಿ.

ಎರಡನೇ ಸಲ ಬರಿಗೈಲಿ ಬಂದದ್ದು ಡೆಲಿವರಿ ಆರ್ಡರ್ (ಸಾಮಾನು ಬಿಡಿ ಅಂತ ಸಾಗಣೆ ಕಂಪನಿ ಕೊಡುವ ಪತ್ರ) ವಿಷಯಕ್ಕೆ. ಹಲವರ ಸಾಮಾನು ಒಂದೇ ಕಂಟೇನರ್‌ಗೆ ತುಂಬಿ ಕಳಿಸುವ ಕನ್ಸಾಲಿಡೇಟರ್‌ನ ಇಲ್ಲಿನ ಏಜೆಂಟ್ ಕೊಟ್ಟ ಬಿಲ್ 84 ಸಾವಿರ. ಬುಕ್ ಮಾಡುವಾಗ ಫೋನ್‌ನಲ್ಲಿ ಹೇಳಿದ್ದು “ಇಪ್ಪತ್ತೈದರ ಒಳಗೆ”. ಎಲ್‌ಸಿಎಲ್‌ನಲ್ಲಿ ದುಡ್ಡು ಸೋರುವುದು ಇಲ್ಲೇ, ಸುಂಕದಲ್ಲಿ ಅಲ್ಲ. ಅಲ್ಲಿಂದ ಬರುವಾಗ ಸಾಗಣೆ ಅಗ್ಗ ಅಂತ ತೋರಿಸುತ್ತಾರೆ, ಇಲ್ಲಿ ಇಳಿಸುವಾಗ ಸಿಬಿಎಂ ಲೆಕ್ಕದಲ್ಲಿ ಒಂದರ ಮೇಲೊಂದು ಸಾಲು ಹಾಕುತ್ತಾರೆ. ನಾನು ದುಡ್ಡು ಕಟ್ಟದೆ ಎದ್ದು ಬಂದೆ. ಲಾಡ್ಜ್‌ನಲ್ಲಿ ಕೂತು ಬಿಲ್‌ನ ಹದಿಮೂರು ಸಾಲನ್ನೂ ಬುಕಿಂಗ್ ಇಮೇಲ್ ಜೊತೆ ತಾಳೆ ನೋಡಿದೆ, ಹ್ಯಾಂಬರ್ಗ್‌ಗೆ ಒಂದು ಇಮೇಲ್ ಕಳಿಸಿದೆ, ಮಾರನೇ ದಿನ ಮಧ್ಯಾಹ್ನಕ್ಕೆ ಬಿಲ್ 62 ಸಾವಿರಕ್ಕೆ ಇಳಿಯಿತು. ಯಾವ ಸಾಲು ಹಿಡಿದೆ, ಏನು ಬರೆದೆ ಅಂತ ಇಲ್ಲಿ ಹೇಳಲ್ಲ. ಎಲ್ಲರೂ ಅದನ್ನೇ ಬರೆದರೆ ಆ ದಾರಿ ಮುಚ್ಚಿಹೋಗುತ್ತೆ. ನೀವು ಬುಕ್ ಮಾಡುವ ಮುಂಚೆ ಇಲ್ಲಿನ ಖರ್ಚನ್ನು ಸಾಲು ಸಾಲಾಗಿ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಅದು ಇಮೇಲ್‌ನಲ್ಲಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತೆ.

ಕಸ್ಟಮ್ಸ್ ಪರೀಕ್ಷೆಯ ದಿನವೇ ಎಲ್ಲಕ್ಕಿಂತ ಸಲೀಸಾಗಿ ಹೋಯಿತು ಅಂದರೆ ಯಾರೂ ನಂಬುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಬ್ಯಾಗೇಜ್ ಡಿಕ್ಲರೇಶನ್ ಕೊಡಬೇಕಾದವನು ಸಾಮಾನಿನ ಮಾಲೀಕನೇ. ಅದನ್ನೇ ನಂಬಿ ನಾನು ಹೋಗಿದ್ದು. ನನ್ನ ಪಟ್ಟಿಯಲ್ಲಿ ಪೆಟ್ಟಿಗೆಗೆ ಒಂದು ಪುಟ, ಪ್ರತಿ ವಸ್ತುವಿಗೂ ಕೊಂಡ ವರ್ಷ ಮತ್ತು ಈಗಿನ ಬೆಲೆ. ‘ಇತರೆ’ ಅಂತ ಒಂದು ಕಡೆಯೂ ಬರೆದಿರಲಿಲ್ಲ. ಅದೇ ಪುಟದ ನಕಲು ಪೆಟ್ಟಿಗೆಯ ಒಳಗೆ ಮೇಲುಗಡೆಯೇ ಇತ್ತು. ಅಧಿಕಾರಿ ಪಾಸ್‌ಪೋರ್ಟ್ ತಿರುವಲು ಶುರು ಮಾಡಿದಾಗ ದಿನ ಎಣಿಸಿದ ಆ ಹಾಳೆ ಮುಂದಿಟ್ಟೆ. ಅವರು ಎರಡು ಮೊಹರು ತಾಳೆ ನೋಡಿ ಉಳಿದದ್ದಕ್ಕೆ ಟಿಕ್ ಹಾಕಿದರು. ಆರು ತಿಂಗಳ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆಮೇಲೆ 14 ಮತ್ತು 31ನೇ ಪೆಟ್ಟಿಗೆ ಬಿಚ್ಚಿ ಅಂದರು. 14ರಲ್ಲಿ ಪುಸ್ತಕ. 31ರಲ್ಲಿ ಟವೆಲ್ ಸುತ್ತಿದ್ದ ವೆಟ್ ಗ್ರೈಂಡರ್, ನಾವೇ ಇಲ್ಲಿಂದ ತೆಗೆದುಕೊಂಡು ಹೋಗಿದ್ದದ್ದು, ತಳದಲ್ಲಿ ಕೊಯಮತ್ತೂರಿನ ಪಟ್ಟಿ ಹಾಗೇ ಅಂಟಿತ್ತು. ಕಲ್ಲಿನ ಸಂದಿಯಲ್ಲಿ ಒಣಗಿದ ಇಡ್ಲಿ ಹಿಟ್ಟಿನ ಬಿಳಿ ಗೆರೆ ಕೂಡ ಇತ್ತು. ಅವರು ಅದನ್ನು ಬೆರಳಲ್ಲಿ ಸವರಿ ನೋಡಿ, ಬಳಸಿದ ಸಾಮಾನು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಅಂದರು. ಡಿಶ್‌ವಾಷರ್‌ಗೆ 18 ಸಾವಿರ ಬೆಲೆ ಕಟ್ಟಿದರು, ಸುಂಕ 2,970. ಇಡೀ ಸಾಮಾನಿಗೆ ನಾನು ಕಟ್ಟಿದ ಸುಂಕ ಅಷ್ಟೇ. ಯಾರ ಕೈಗೂ ಒಂದು ರೂಪಾಯಿ ಬೇರೆ ಕೊಟ್ಟಿಲ್ಲ, ಇದನ್ನು ಬರೆಯುವುದಕ್ಕೆ ನನಗೆ ಸಂತೋಷವಿದೆ.

ಚೆನ್ನೈನ ಮಣಲಿ ಕಡೆಯ ಸಿಎಫ್‌ಎಸ್‌ನಲ್ಲಿ (ಕಂಟೇನರ್ ಇಳಿಸಿ ಸಾಮಾನು ಇಡುವ ಗೋದಾಮು) ಬಾಡಿಗೆ ಹನ್ನೊಂದು ಸಾವಿರ ಆಯಿತು, ಹೆಸರಿನ ತಪ್ಪಿಲ್ಲದಿದ್ದರೆ ಅರ್ಧವೂ ಆಗುತ್ತಿರಲಿಲ್ಲ. ಲೋಡ್ ಮಾಡುವ ದಿನ ಹಿಂಗಾರು ಮಳೆ ಹಿಡಿದುಕೊಂಡಿತು. ಪ್ಯಾಲೆಟ್ ಮೇಲೆ ಪ್ಲಾಸ್ಟಿಕ್ ಸುತ್ತಿದ್ದರಿಂದ ಬಚಾವ್. ಲಾರಿಯವರು ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಇಲ್ಲದೆ ಹೊರಡಲ್ಲ ಅಂತ ಪಟ್ಟು ಹಿಡಿದರು. ಬಳಸಿದ ಮನೆ ಸಾಮಾನಿಗೆ ಅದು ಬೇಡ, ಜಿಎಸ್‌ಟಿ ನಿಯಮ 138ರ ವಿನಾಯಿತಿ ಪಟ್ಟಿಯಲ್ಲೇ ಇದೆ. ಆ ಪುಟ ಪ್ರಿಂಟ್ ಹಾಕಿಸಿ, ಕಸ್ಟಮ್ಸ್ ಕಾಗದದ ಜೊತೆ ಕೊಟ್ಟ ಮೇಲೆ ಒಪ್ಪಿದರು. ಲಾರಿ ಬಾಡಿಗೆ 21 ಸಾವಿರ. ಪ್ಯಾಕಿಂಗ್‌ಗೆ ಹನ್ನೊಂದು, ನನ್ನ ರೈಲು ಲಾಡ್ಜ್ ಊಟಕ್ಕೆ ಒಂಬತ್ತು. ಎಲ್ಲ ಕೂಡಿದರೆ ಎರಡು ಲಕ್ಷ ಇಪ್ಪತ್ಮೂರು ಸಾವಿರದ ಹತ್ತಿರ.

ಒಡೆದದ್ದು ಎರಡು ಲೋಟ, ಬಾಗಿದ್ದು ಸೈಕಲ್‌ನ ಒಂದು ಪೆಡಲ್. ಮೈಸೂರಿನಲ್ಲಿ ವಾಷಿಂಗ್ ಮೆಷಿನ್ ಇಳಿಸಿದ ಸಂಜೆಯೇ ನಾಲ್ಕು ಬೋಲ್ಟ್ ಬಿಚ್ಚಿ ನೀರು ಕೊಟ್ಟು, ಜಿಗಟಾಗಿದ್ದ ಆ ಎರಡು ಬೆಡ್‌ಶೀಟ್ ಹಾಕಿ ಓಡಿಸಿದೆವು. ಬೋಲ್ಟ್‌ಗಳನ್ನು ಈ ಸಲ ಮೆಷಿನ್‌ನ ಹಿಂದೆಯೇ ಒಂದು ಕವರಿನಲ್ಲಿ ಹಾಕಿ ಟೇಪ್ ಅಂಟಿಸಿದ್ದೇನೆ.