ಪಟ್ಟಿಯೇ ಇಲ್ಲದವರ ಸಮೀಕ್ಷೆ: ಕೂಪನ್ ಸರಪಳಿಯಿಂದ ಮಾದರಿ ಕಟ್ಟಿದ ನನ್ನ ಅನುಭವ

ಶಿಬಿರಗಳ ಹೊರಗೆ, ದೊಡ್ಡ ನಗರವೊಂದರ ಬಾಡಿಗೆ ಕೋಣೆಗಳಲ್ಲಿ ಚದುರಿಹೋಗಿ ಬದುಕುತ್ತಿರುವ ನಿರಾಶ್ರಿತರ ನಡುವೆ, ಉತ್ತರಿಸಿದವರ ಕೈಯಲ್ಲೇ ಕೂಪನ್ ಕೊಟ್ಟು ಅವರ ಪರಿಚಿತರನ್ನು ತಲುಪುವ ವಿಧಾನದಿಂದ ನಾವು ಮೂರು ವರ್ಷಗಳ ಕಾಲ ನಡೆಸಿದ ಸಮೀಕ್ಷೆಯ ಕೊನೆಯ ಸುತ್ತು ಮುಗಿದಿದೆ. ವಾಸದ ಪರವಾನಗಿ ಪಡೆದವರ ವಯಸ್ಸು ಮತ್ತು ಲಿಂಗವಾರು ಕೋಷ್ಟಕವನ್ನು ಅಲ್ಲಿನ ಆಡಳಿತವು ಆಮೇಲೆ ಹೊರತಂದಾಗ, ನಮ್ಮ ಮಾದರಿಯಲ್ಲಿ ಪರವಾನಗಿ ಉಳ್ಳವರಷ್ಟನ್ನೇ ಬೇರ್ಪಡಿಸಿ, ತೂಕ ಹಾಕಿ (ಮಾದರಿಗೆ ಸಿಗುವ ಸಾಧ್ಯತೆ ಹೆಚ್ಚಿದ್ದವರನ್ನು ಕಡಿಮೆಯಾಗಿ, ಕಡಿಮೆಯಿದ್ದವರನ್ನು ಹೆಚ್ಚಾಗಿ ಎಣಿಸಿ) ಹೋಲಿಸಿ ನೋಡಿದೆವು. ಯಾವ ಗುಂಪಿನಲ್ಲಿಯೂ ವ್ಯತ್ಯಾಸ ಶೇಕಡಾ ಮೂರು ಅಂಶಗಳನ್ನು ಮೀರಲಿಲ್ಲ. ಈ ಯೋಜನೆಯನ್ನು ಮೊದಲು ಗೋಷ್ಠಿಯೊಂದರಲ್ಲಿ ಮಂಡಿಸಿದಾಗ, "ಹಳೆಯ ಸ್ನೋಬಾಲ್‌ಗೆ ಹೊಸ ಅಂಗಿ ತೊಡಿಸಿದ್ದೀರಿ, ಅಷ್ಟೆ" ಎಂದು (ಒಬ್ಬರಿಂದ ಇನ್ನೊಬ್ಬರ ಪರಿಚಯ ಕೇಳಿಕೊಂಡು ಮಾದರಿ ಬೆಳೆಸುವ ಹಳೆಯ ವಿಧಾನವೇ ಸ್ನೋಬಾಲ್) ನಕ್ಕಿದ್ದ ಹಿರಿಯರೊಬ್ಬರು ಈಗ ನಮ್ಮ ಪ್ರಶ್ನಾವಳಿಗಾಗಿ ತಮ್ಮ ವಿದ್ಯಾರ್ಥಿಗಳನ್ನು ಕಳುಹಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಲೇಸು ಎನಿಸಿತು. ನೈತಿಕ ಸಮಿತಿಗೆ ಕೊಟ್ಟ ಮಾತಿನಂತೆ ಸಮುದಾಯದ ಹೆಸರನ್ನೂ ನಗರದ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ. ನಮ್ಮ ಕೆಲಸಕ್ಕೆ ಸಂಬಂಧಿಸಿದ ಅಂಕಿಗಳೆಲ್ಲ ನೆನಪಿನಿಂದ ಬರೆದವು.

ತೊಡಕು ಎಲ್ಲರಿಗೂ ಗೊತ್ತಿರುವುದೇ: ಮಾದರಿಯನ್ನು ಆರಿಸಲು ಪಟ್ಟಿ ಇರುವುದಿಲ್ಲ. ಜರ್ಮನಿಯಲ್ಲಿ 2016ರಲ್ಲಿ ಶುರುವಾದ ನಿರಾಶ್ರಿತರ ದೊಡ್ಡ ಪ್ಯಾನೆಲ್ ಸಮೀಕ್ಷೆಗೆ (ಅದೇ ಜನರನ್ನು ಮತ್ತೆ ಮತ್ತೆ ಸಂದರ್ಶಿಸುವ ಸಮೀಕ್ಷೆಗೆ) ವಿದೇಶಿಯರ ಕೇಂದ್ರೀಯ ರಿಜಿಸ್ಟರ್ ಸಿಕ್ಕಿತ್ತು. ಸ್ವೀಡನ್, ಡೆನ್ಮಾರ್ಕ್‌ಗಳ ಸಂಶೋಧಕರಿಗಂತೂ ಕುರ್ಚಿ ಬಿಟ್ಟೇಳದೆ ಇಡೀ ಜನಸಂಖ್ಯೆಯ ದಾಖಲೆಗಳು ದೊರೆಯುತ್ತವೆ. ಅರ್ಧದಷ್ಟು ಜನರ ಬಳಿ ಕಾಗದಪತ್ರವೇ ಇಲ್ಲದ ಕಡೆ ಕೆಲಸ ಮಾಡುವವರಿಗೆ ಆ ಭಾಗ್ಯವಿಲ್ಲ. ನಾವು ಮೊದಲು ಹಿಡಿದದ್ದು ನೆರವು ಸಂಸ್ಥೆಗಳ ಫಲಾನುಭವಿಗಳ ಪಟ್ಟಿಯನ್ನು. ಎರಡು ತಿಂಗಳೊಳಗೇ ಅದನ್ನು ಕೈಬಿಡಬೇಕಾಯಿತು, ಏಕೆಂದರೆ ನೆರವು ಬೇಕಾದವರಷ್ಟೇ ಆ ಪಟ್ಟಿಯಲ್ಲಿರುತ್ತಾರೆ. ಕೆಲಸ ಹಿಡಿದು, ಭಾಷೆ ಕಲಿತು, ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡವನು ಆ ಕಚೇರಿಯ ಮೆಟ್ಟಿಲನ್ನು ಮತ್ತೆ ಹತ್ತುವುದಿಲ್ಲ. ಇಂಥ ಪಟ್ಟಿಯನ್ನು ಆಧರಿಸಿ ಸಮನ್ವಯವನ್ನು ಅಳೆಯಲು ಹೊರಟರೆ ಯಾರೂ ಎಲ್ಲಿಯೂ ಬೆರೆಯುತ್ತಿಲ್ಲ ಎಂಬ ತೀರ್ಮಾನವು ಸಮೀಕ್ಷೆಗೆ ಮೊದಲೇ ಸಿದ್ಧವಾಗಿರುತ್ತದೆ. ಅಂಥ ಪ್ರಬಂಧಗಳನ್ನು ನಾವೆಲ್ಲರೂ ಓದಿದ್ದೇವೆ.

ಎರಡನೆಯದಾಗಿ, ಇಟಲಿಯಲ್ಲಿ 1990ರ ದಶಕದಿಂದ ಬಳಕೆಯಲ್ಲಿರುವ ಕೇಂದ್ರಾಧಾರಿತ ಮಾದರಿಯನ್ನು ಪ್ರಯತ್ನಿಸಿದೆವು. ಜನ ಸೇರುವ ಜಾಗಗಳನ್ನು ಪಟ್ಟಿ ಮಾಡಿ, ಅಲ್ಲಿ ಸಿಕ್ಕವರನ್ನು ಸಂದರ್ಶಿಸಿ, ಅವರು ಹೋಗುವ ಇತರ ಜಾಗಗಳನ್ನು ಕೇಳಿ ತೂಕ ಹಾಕುವ ಈ ವಿಧಾನದ ಬಗ್ಗೆ ನನಗೆ ಗೌರವವಿದೆ. ಆದರೆ ಮನೆಗೆಲಸಕ್ಕೆಂದು ಯಜಮಾನರ ಮನೆಯಲ್ಲಿಯೇ ಉಳಿಯುವ ಹೆಂಗಸರು ಯಾವ ಕೇಂದ್ರಕ್ಕೂ ಬರುವುದಿಲ್ಲ. ಉದ್ಯಾನವೊಂದರ ಬಳಿ ಪೊಲೀಸರು ಒಮ್ಮೆ ಕಾಗದಪತ್ರ ತಪಾಸಣೆ ಮಾಡಿದರೆಂದರೆ ಮುಂದಿನ ಕೆಲವು ವಾರ ಆ ಇಡೀ ಪ್ರದೇಶವೇ ಖಾಲಿಯಾಗಿಬಿಡುತ್ತಿತ್ತು. ಅನುದಾನದ ಹತ್ತನೆಯ ಒಂದು ಭಾಗ ಇದರಲ್ಲಿಯೇ ಕರಗಿತು.

ಆಮೇಲೆ ಫೇಸ್‌ಬುಕ್ ಜಾಹೀರಾತು. ಯುರೋಪಿನ ನಾಲ್ಕು ದೇಶಗಳಲ್ಲಿರುವ ಪೋಲಿಷ್ ವಲಸಿಗರನ್ನು ಹೀಗೆ ಅಗ್ಗವಾಗಿ ತಲುಪಬಹುದೆಂದು ಪ್ಯೋಚ್ಕೆ ಮತ್ತು ಬ್ರೌನ್ 2017ರಲ್ಲಿ ತೋರಿಸಿದ ಮೇಲೆ ಎಲ್ಲರೂ ಒಮ್ಮೆ ಅದರ ಹಿಂದೆ ಹೋದವರೇ. ಸ್ವತಂತ್ರವಾಗಿ ಓಡಾಡುವ ಹಕ್ಕುಳ್ಳ ವಲಸಿಗರಿಗೆ ಅದು ಸರಿಹೋಗುತ್ತದೆ. ನಮಗೆ ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ಮೂವತ್ತು ವರ್ಷದೊಳಗಿನ ಗಂಡಸರವು. ಉಳಿದವುಗಳಲ್ಲಿ ಎಷ್ಟೋ ಮಂದಿ ಗೌರವಧನದ ಆಸೆಗೆ ಬೇರೆ ದೇಶಗಳಿಂದ ಉತ್ತರಿಸಿದವರು. ಜಾಹೀರಾತಿಗೆ ತಗುಲಿದ ಹಣ ಅಲ್ಪವೇ, ಆದರೆ ನಿಜವನ್ನೂ ಸುಳ್ಳನ್ನೂ ಬೇರ್ಪಡಿಸಲು ಇಬ್ಬರು ಸಹಾಯಕರ ಮೂರು ತಿಂಗಳ ಸಂಬಳ ಹೋಯಿತು. ಅಗ್ಗದ ವಿಧಾನವೆಂದು ಬರೆಯುವವರು ಈ ಲೆಕ್ಕವನ್ನು ಸೇರಿಸುವುದನ್ನು ನಾನು ಕಂಡದ್ದು ಕಡಿಮೆ.

ಕೊನೆಗೆ ಉಳಿದದ್ದು, ಉತ್ತರಿಸಿದವರೇ ತಮ್ಮ ಪರಿಚಿತರನ್ನು ಕರೆತರುವ ವಿಧಾನವಾಗಿ ಅಮೆರಿಕದ ಸಮಾಜಶಾಸ್ತ್ರಜ್ಞ ಹೆಕ್ಕಥಾರ್ನ್ 1997ರಲ್ಲಿ ಮಂಡಿಸಿದ ರೆಸ್ಪಾಂಡೆಂಟ್ ಡ್ರಿವನ್ ಸ್ಯಾಂಪ್ಲಿಂಗ್, ಅಂದರೆ ಆರ್‌ಡಿಎಸ್. ಮಾದಕವಸ್ತು ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ತಡೆಗಟ್ಟುವ ಕೆಲಸದಲ್ಲಿ ಹುಟ್ಟಿದ ಈ ವಿಧಾನ ನಿರಾಶ್ರಿತರಿಗೆ ಒಗ್ಗುವುದಿಲ್ಲವೆಂದು ಹಲವರು ಹೇಳಿದ್ದರು. ನಾವೇ ಆರಿಸಿದ ಮೊದಲ ಕೆಲವರು ಸೀಡ್; ಅವರು ಪರಿಚಿತರಿಗೆ ಕೂಪನ್ ಕೊಡುತ್ತಾರೆ, ಅದನ್ನು ಹಿಡಿದು ಬಂದವರು ಮೊದಲ ಅಲೆ, ಇವರು ಕರೆತಂದವರು ಎರಡನೆಯ ಅಲೆ; ಸಂದರ್ಶನಕ್ಕೊಂದು, ಕರೆತಂದದ್ದಕ್ಕೊಂದು ಎಂದು ಗೌರವಧನ ಇಮ್ಮಡಿ. ಸೀಡ್‌ಗಳ ಆಯ್ಕೆಯ ವಿಷಯವನ್ನು ಮಾತ್ರ ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಅಂಕಿಅಂಶದ ಪುಸ್ತಕಗಳು ಸಾಕಷ್ಟು ಅಲೆಗಳಾದರೆ ಸೀಡ್ ಯಾರಾಗಿದ್ದರೂ ನಡೆಯುತ್ತದೆ ಎನ್ನುತ್ತವೆ, ಕ್ಷೇತ್ರದಲ್ಲಿ ಮಾತ್ರ ಸರಪಳಿ ಅಷ್ಟು ಅಲೆಗಳವರೆಗೆ ಬದುಕಿ ಉಳಿಯುವುದೇ ಸೀಡ್‌ನ ಮೇಲೆ ನಿಂತಿರುತ್ತದೆ. ಸಮುದಾಯದ ಮುಖಂಡರಿಂದ ಹೊರಟ ಸರಪಳಿಗಳೆಲ್ಲ ಎರಡನೆಯ ಅಲೆಯಲ್ಲಿ ಸತ್ತವು. ಮುಖಂಡರು ಕೂಪನ್‌ಗಳನ್ನು ತಮ್ಮ ಕೃಪೆಯ ಕೊಡುಗೆಯೆಂಬಂತೆ ಹಂಚಿದರು; ಪಡೆದವರು ಅದನ್ನು ಋಣವೆಂದು ಭಾವಿಸಿ ಸಂದರ್ಶನಕ್ಕೇನೋ ಬಂದರು, ಆದರೆ ಮುಂದಕ್ಕೆ ಯಾರಿಗೂ ದಾಟಿಸಲಿಲ್ಲ. ಕ್ಷೌರಿಕರು, ಊರಿಗೆ ಹಣ ಕಳುಹಿಸಿಕೊಡುವ ಅಂಗಡಿಯಲ್ಲಿ ಕುಳಿತವರು, ಮಕ್ಕಳನ್ನು ಶಾಲೆಗೆ ಬಿಡುವಾಗ ಪರಸ್ಪರ ಪರಿಚಯವಾದ ತಾಯಂದಿರು, ಹೀಗೆ ಬೇರೆಬೇರೆ ವಲಯದವರೊಂದಿಗೆ ದಿನಾ ಮಾತನಾಡುವ, ಆದರೆ ಯಾರ ಮೇಲೂ ಅಧಿಕಾರವಿಲ್ಲದ ಹತ್ತಾರು ಜನರನ್ನು ಆರಿಸಿದಾಗ ಸರಪಳಿಗಳು ಏಳೆಂಟು ಅಲೆಗಳವರೆಗೆ ಹರಿದವು. ಅವುಗಳಲ್ಲಿ ಅತಿ ಉದ್ದವಾದದ್ದು, ಮನೆಗೆಲಸದ ಹೆಂಗಸೊಬ್ಬರಿಂದ ಹೊರಟದ್ದು, ಹನ್ನೆರಡೋ ಹದಿಮೂರೋ ಅಲೆ ದಾಟಿತು. ಯಾವ ಕೇಂದ್ರದಲ್ಲಿಯೂ ಕಾಣಸಿಗದಿದ್ದ ಹೆಂಗಸರು ಆ ಒಂದು ಸರಪಳಿಯಲ್ಲಿ ಸಾಲುಸಾಲಾಗಿ ಸಿಕ್ಕರು.

ಕೂಪನ್‌ಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು ಇನ್ನೊಂದು ನಿರ್ಣಾಯಕ ಹೆಜ್ಜೆಯಾಯಿತು. ಮೂರು ಕೊಟ್ಟಾಗ ಮೂರನೆಯದು ಮಾರಾಟವಾಗುತ್ತಿತ್ತು. ಹಾಗೆಯೇ ಎರಡು ವಾರದ ಅವಧಿ ಹಾಕಿದ ಮೇಲೆ, ಬೆಲೆ ಏರಲಿ ಎಂದು ಕೂಪನ್ ಹಿಡಿದಿಟ್ಟುಕೊಳ್ಳುವುದೂ ನಿಂತಿತು. ಆದರೂ ಒಬ್ಬನೇ ವ್ಯಕ್ತಿ ಎರಡು ಹೆಸರಿನಲ್ಲಿ ಬರುವುದು, ಆ ದೇಶದವನಲ್ಲದವನು ಆ ದೇಶದವನೆಂದು ಹೇಳಿಕೊಳ್ಳುವುದು ತಪ್ಪಲಿಲ್ಲ. ಇದನ್ನು ಹಿಡಿಯಲು ನಾವು ಸಂದರ್ಶನದ ಮೊದಲ ಐದು ನಿಮಿಷಗಳಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಯಾವುವೆಂದು ಇಲ್ಲಿ ಬರೆಯುವುದಿಲ್ಲ. ಬರೆದ ದಿನದಿಂದಲೇ ಅವು ಕೆಲಸಕ್ಕೆ ಬಾರದಂತಾಗುತ್ತವೆ. ಬಂದವರಲ್ಲಿ ಹದಿನೈದಕ್ಕೆ ಒಬ್ಬರನ್ನು ಈ ಹಂತದಲ್ಲಿಯೇ ಹಿಂದೆ ಕಳುಹಿಸಿದೆವು ಎಂದಷ್ಟೇ ಹೇಳಬಲ್ಲೆ.

ಪರಿಚಿತರು ಹೆಚ್ಚಿದ್ದವರಿಗೆ ಕೂಪನ್ ಸಿಗುವ ಸಾಧ್ಯತೆಯೂ ಹೆಚ್ಚು, ಹಾಗಾಗಿ ತೂಕ ಹಾಕಲು ಪ್ರತಿಯೊಬ್ಬರ ಪರಿಚಯ ವಲಯದ ಗಾತ್ರ ಬೇಕಲ್ಲವೆ? "ನಿಮ್ಮ ದೇಶದವರಲ್ಲಿ ಈ ನಗರದಲ್ಲಿ ನಿಮಗೆ ಎಷ್ಟು ಜನ ಗೊತ್ತು?" ಎಂದು ನೇರವಾಗಿ ಕೇಳಿದರೆ 10, 20, 50, 100 ಎಂಬ ಉರುಟು ಸಂಖ್ಯೆಗಳೇ ಬರುತ್ತವೆ, ಮತ್ತು ನೂರು ಎಂದ ಒಬ್ಬನ ತೂಕ ಹತ್ತು ಎಂದವನ ತೂಕದ ಹತ್ತನೆಯ ಒಂದು ಭಾಗವಾಗಿಬಿಡುತ್ತದೆ. ನಾವು ಪ್ರಶ್ನೆಯನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಿದೆವು: ಗೊತ್ತಿರುವವರು, ಅವರಲ್ಲಿ ನಿಮ್ಮನ್ನೂ ಹೆಸರಿನಿಂದ ಬಲ್ಲವರು, ಅವರಲ್ಲಿ ಹದಿನೆಂಟು ದಾಟಿದವರು, ಅವರಲ್ಲಿ ಕಳೆದ ಎರಡು ವಾರಗಳಲ್ಲಿ ನೀವು ಮಾತನಾಡಿಸಿದವರು. ಕೊನೆಯ ಉತ್ತರ ಸಾಮಾನ್ಯವಾಗಿ ನಾಲ್ಕರಿಂದ ಹದಿನೈದರೊಳಗೆ ಬರುತ್ತಿತ್ತು. ಅದನ್ನೇ ಆರು ತಿಂಗಳ ಬಳಿಕ ಮತ್ತೆ ಕೇಳಿದಾಗ ಹೆಚ್ಚು ಕಡಿಮೆ ಅಷ್ಟೇ ಬಂದದ್ದು ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಸಮಾಧಾನ ಕೊಟ್ಟ ಸಂಗತಿ.

ಇನ್ನು ಹಣದ ವಿಷಯ. ನಿರಾಶ್ರಿತರಿಂದ ನಿರಾಶ್ರಿತರನ್ನು ಕರೆತರಿಸಿ ಹಣ ಕೊಡುವುದು ಒತ್ತಾಯವಾಗುತ್ತದೆಂದು ನೈತಿಕ ಸಮಿತಿ ತಡೆಹಿಡಿಯಿತು. ಆಕ್ಷೇಪದಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆ. ಕೂಪನ್ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆಯಷ್ಟೇ ಇರುವುದು, ಪಡೆದವರು ತಾವಾಗಿಯೇ ನಮಗೆ ಕರೆ ಮಾಡುವವರೆಗೂ ಅವರ ಫೋನ್ ಸಂಖ್ಯೆ ನಮ್ಮ ಕೈಗೆ ಬಾರದಿರುವುದು, ಯಾರು ಬಂದರು ಯಾರು ನಿರಾಕರಿಸಿದರು ಎಂಬುದು ಕೂಪನ್ ಕೊಟ್ಟವರಿಗೆ ತಿಳಿಯದಂತೆ ನೋಡಿಕೊಳ್ಳುವುದು, ಈ ಮೂರನ್ನು ಬರೆದುಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಮೂರನೆಯ ಷರತ್ತಿನಿಂದಾಗಿ ಎರಡನೆಯ ಗೌರವಧನವನ್ನು ತಿಂಗಳ ಕೊನೆಗೆ ಒಟ್ಟಾಗಿ ಕೊಡಬೇಕಾಯಿತು, ಅದರಿಂದ ಗೊಣಗಾಟವೂ ಹುಟ್ಟಿತು. ಮೊತ್ತ ಎಷ್ಟಿರಬೇಕೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಸಂದರ್ಶನಕ್ಕೆ ಎರಡು ಗಂಟೆಯ ಕೂಲಿ, ಕರೆತಂದ ಒಬ್ಬೊಬ್ಬರಿಗೂ ಅರ್ಧ ಗಂಟೆಯ ಕೂಲಿ. ಅದಕ್ಕಿಂತ ಕಡಿಮೆಯಾದರೆ ದುಡಿಯುವವರು ಬರುವುದಿಲ್ಲ, ಹೆಚ್ಚಾದರೆ ವೇಷಧಾರಿಗಳು ಬರುತ್ತಾರೆ. ಒಟ್ಟು ಅನುದಾನದ ಮೂರನೆಯ ಒಂದು ಭಾಗ ಗೌರವಧನಕ್ಕೂ, ಅದಕ್ಕಿಂತ ತುಸು ಹೆಚ್ಚು ಸಂದರ್ಶಕರಿಗೂ ಹೋಯಿತು. ಸಾಫ್ಟ್‌ವೇರ್‌ಗೆ ಏನೂ ಆಗಲಿಲ್ಲ.

ಸಮನ್ವಯವನ್ನು ಅಳೆಯಲು ಸ್ಟ್ಯಾನ್‌ಫರ್ಡ್ ಮತ್ತು ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಐಪಿಎಲ್ (ಇಮಿಗ್ರೇಶನ್ ಪಾಲಿಸಿ ಲ್ಯಾಬ್) ಸೂಚ್ಯಂಕದ ಹನ್ನೆರಡು ಪ್ರಶ್ನೆಗಳ ಆವೃತ್ತಿಯನ್ನು ಬಳಸಿದೆವು. ಮಾನಸಿಕ, ಆರ್ಥಿಕ, ರಾಜಕೀಯ, ಸಾಮಾಜಿಕ, ಭಾಷಿಕ ಆಯಾಮಗಳು ಮತ್ತು ವೈದ್ಯರನ್ನು ಕಾಣುವುದು, ಕೆಲಸ ಹುಡುಕುವುದು ಮುಂತಾದ ವ್ಯವಹಾರಗಳನ್ನು ನಿಭಾಯಿಸುವ ಆಯಾಮ ಸೇರಿ ಆರು. ಒಂದೊಂದಕ್ಕೂ ಎರಡು ಪ್ರಶ್ನೆ. ಫೋನಿನಲ್ಲಿ ಹತ್ತು ನಿಮಿಷದೊಳಗೆ ಮುಗಿಯುವುದರಿಂದ ಇದು ನಮ್ಮಂಥವರಿಗೆ ವರದಾನವೇ ಸರಿ, ಆದರೆ ಕಣ್ಣು ಮುಚ್ಚಿ ಬಳಸುವಂಥದ್ದಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಸ್ಥಳೀಯರೊಂದಿಗೆ ಎಷ್ಟು ಸಲ ಊಟ ಮಾಡಿದಿರಿ ಎಂಬ ಪ್ರಶ್ನೆಗೆ ಅತಿ ಹೆಚ್ಚು ಅಂಕ ಪಡೆದವರು ಯಾರು ಗೊತ್ತೇ? ಯಜಮಾನರ ಮನೆಯಲ್ಲಿಯೇ ಉಳಿಯುವ ಮನೆಗೆಲಸದವರು. ಅವರಲ್ಲಿ ಹಲವರಿಗೆ ವಾರಕ್ಕೊಮ್ಮೆಯೂ ಹೊರಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಒಂದೇ ಮೇಜಿನಲ್ಲಿ ಕುಳಿತು ಉಂಡಿರೋ, ಅವರು ಉಂಡ ಮೇಲೆ ಉಂಡಿರೋ ಎಂಬ ಮರುಪ್ರಶ್ನೆಯನ್ನು ನಾವೇ ಸೇರಿಸಿದೆವು. ಅಂಕಗಳು ಧಡಕ್ಕನೆ ಇಳಿದವು. ರಾಜಕೀಯ ವಿಷಯಗಳನ್ನು ಇತರರೊಂದಿಗೆ ಎಷ್ಟು ಸಲ ಚರ್ಚಿಸುತ್ತೀರಿ ಎಂದು ಕೇಳಿದ ಕೂಡಲೇ ಕೆಲವರು ಕರೆ ಕತ್ತರಿಸುತ್ತಿದ್ದರು. ಗುಪ್ತಚರರ ಭಯದಿಂದ ಓಡಿಬಂದವರಿಗೆ ಆ ಪ್ರಶ್ನೆ ಸಮೀಕ್ಷೆಯದೆಂದು ತೋರುವುದಿಲ್ಲ. ಅದನ್ನು ಕೊನೆಗೆ ತಳ್ಳಿ, ಏಕೆ ಕೇಳುತ್ತಿದ್ದೇವೆಂದು ಎರಡು ವಾಕ್ಯ ಸೇರಿಸಿದ ಮೇಲೆ ಕತ್ತರಿಸುವವರು ಅಪರೂಪವಾದರು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆವು. ಓದು ಬಾರದವರಿಗಾಗಿ ಪ್ರಶ್ನೆಗಳನ್ನು ಧ್ವನಿಸಂದೇಶವಾಗಿ ಕಳುಹಿಸಿದಾಗ, ಓದುಬರಹ ಬಲ್ಲವರೇ ಅದನ್ನು ಹೆಚ್ಚಾಗಿ ಮೆಚ್ಚಿದರು, ಏಕೆಂದರೆ ಪಾಳಿ ಮುಗಿಸಿ ಬರುತ್ತ ದಾರಿಯಲ್ಲಿಯೇ ಉತ್ತರಿಸಬಹುದಿತ್ತು. ಪರವಾನಗಿ ಇದೆಯೋ ಇಲ್ಲವೋ ಎಂಬುದನ್ನು ನೇರವಾಗಿ ಕೇಳದೆ ಪಟ್ಟಿ ಪ್ರಯೋಗದಿಂದ (ಆ ಸಂಗತಿಯನ್ನು ಬೇರೆ ಸಾಮಾನ್ಯ ಸಂಗತಿಗಳ ಪಟ್ಟಿಯಲ್ಲಿ ಬೆರೆಸಿ, ಒಟ್ಟು ಸಂಖ್ಯೆಯನ್ನಷ್ಟೇ ಕೇಳುವ ಉಪಾಯದಿಂದ) ಅಂದಾಜಿಸಲು ಹೋದದ್ದು ಪೂರ್ತಿ ನೆಲಕಚ್ಚಿತು; "ಇವುಗಳಲ್ಲಿ ಎಷ್ಟು ನಿಮಗೆ ಅನ್ವಯಿಸುತ್ತವೆ, ಯಾವುವೆಂದು ಹೇಳಬೇಡಿ" ಎಂದರೆ ಜನ ಯಾವುವೆಂದೇ ವಿವರವಾಗಿ ಹೇಳುತ್ತಿದ್ದರು. ನಂಬಿದವರಿಗೆ ಮುಚ್ಚುಮರೆ ಬೇಕಿರಲಿಲ್ಲ, ನಂಬದವರು ಸಂಖ್ಯೆಯನ್ನೂ ಹೇಳಲಿಲ್ಲ. ಸಂದರ್ಶಕರು ಅದೇ ಸಮುದಾಯದವರಾಗಿರಬೇಕು ಎಂಬ ನಂಬಿಕೆಯೂ ಸಡಿಲವಾಯಿತು. ಅಂತರ್ಯುದ್ಧದಿಂದ ಓಡಿಬಂದವರಿಗೆ ಸಂದರ್ಶಕನ ಉಚ್ಚಾರಣೆಯೇ ಅವನ ಊರನ್ನು, ಊರು ಅವನ ಪಕ್ಷವನ್ನು ಹೇಳಿಬಿಡುತ್ತದೆ. ಆ ಭಾಷೆಯನ್ನು ಚೆನ್ನಾಗಿ ಕಲಿತ ಹೊರಗಿನವರಿಗೇ ವರಮಾನದ ಪ್ರಶ್ನೆಗೆ ಹೆಚ್ಚು ಉತ್ತರಗಳು ಸಿಕ್ಕವು.

ಪ್ಯಾನೆಲ್‌ನಿಂದ ಕಳಚಿಹೋದವರ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಸುಮಾರು ಆರುನೂರು ಜನರಿಂದ ಆರಂಭಿಸಿ, ಮೊದಲ ವರ್ಷವೇ ಐದನೆಯ ಒಂದು ಭಾಗದಷ್ಟು ಜನರನ್ನು ಕಳೆದುಕೊಂಡೆವು. ಆಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು; ಇಳಿಸಿದ ಉಪಾಯಗಳಲ್ಲಿ ಒಂದನ್ನು ಮುಂದಿನ ಅನುದಾನ ಸಿಗುವವರೆಗೂ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಸರಳವಾದದ್ದು: ಸಂಖ್ಯೆ ಬದಲಾದರೂ ತಮ್ಮನ್ನು ಹುಡುಕಿಕೊಡಬಲ್ಲ ಇಬ್ಬರು ಯಾರೆಂದು ಅವರಿಂದಲೇ ಕೇಳಿ, ಅವರಲ್ಲಿ ಒಬ್ಬರಾದರೂ ಬೇರೆ ದೇಶದಲ್ಲಿರಲಿ ಎಂದು ಕೇಳಿಕೊಂಡೆವು. ಹೀಗೆ ಹುಡುಕಿದಾಗ, ಕಳೆದುಹೋದರೆಂದು ಬರೆದುಕೊಂಡಿದ್ದವರಲ್ಲಿ ಅರ್ಧದಷ್ಟು ಮಂದಿ ಮೂರನೆಯ ದೇಶವೊಂದಕ್ಕೆ ಹೊರಟುಹೋಗಿರುವುದು ತಿಳಿಯಿತು, ಮತ್ತು ಅವರಲ್ಲಿ ಭಾಷೆಯ ಅಂಕ ಹೆಚ್ಚಿದ್ದವರೂ ಧಾರಾಳವಾಗಿದ್ದರು. ಅರ್ಜಿಯ ತೀರ್ಪಿಗಾಗಿ ಕಾಯುವ ಒಂದೊಂದು ಹೆಚ್ಚುವರಿ ವರ್ಷವೂ ಮುಂದಿನ ಉದ್ಯೋಗದ ಪ್ರಮಾಣವನ್ನು ಶೇಕಡಾ ನಾಲ್ಕೈದು ಅಂಶಗಳಷ್ಟು ಕುಗ್ಗಿಸುತ್ತದೆಂದು ಹೈನ್‌ಮ್ಯುಲರ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ದಾಖಲೆಗಳಿಂದ 2016ರಲ್ಲಿ ತೋರಿಸಿದ್ದಾರೆ. ದೀರ್ಘಕಾಲ ಕಾದು ಬೇಸತ್ತವರು ಉಳಿದುಕೊಂಡು ನಿರುದ್ಯೋಗಿಗಳಾಗುವುದಷ್ಟೇ ಅಲ್ಲ, ಹೊರಟೇ ಹೋಗುತ್ತಾರೆ ಎಂಬುದು ನಮ್ಮ ಮಾಹಿತಿಯಿಂದ ಕಂಡದ್ದು. ಕಳಚಿಕೊಂಡವರನ್ನು ಬರೀ ನಷ್ಟವೆಂದು ಬರೆದು ಮುಗಿಸುವ ಸಮೀಕ್ಷೆಗಳಿಗೆ ಇದು ಕಾಣುವುದಿಲ್ಲ.

ವಿಮರ್ಶಕರ ಮುಖ್ಯ ಆಕ್ಷೇಪವಿದ್ದದ್ದು ಅಂದಾಜುಗಳ ಏರಿಳಿತದ ಬಗ್ಗೆ, ಅಂದರೆ ಇದೇ ಸಮೀಕ್ಷೆಯನ್ನು ಮತ್ತೆ ಮಾಡಿದರೆ ಅಂಕಿಗಳು ಎಷ್ಟು ಬದಲಾಗಬಹುದು ಎಂಬುದರ ಬಗ್ಗೆ. ಗೋಯಲ್ ಮತ್ತು ಸಾಲ್ಗಾನಿಕ್ 2010ರಲ್ಲಿ ಹೇಳಿದಂತೆ ಆರ್‌ಡಿಎಸ್‌ನ ನಿಜವಾದ ಏರಿಳಿತ ನಾವೆಲ್ಲ ಊಹಿಸಿಕೊಂಡದ್ದಕ್ಕಿಂತ ಬಹಳ ಹೆಚ್ಚಿರಬಹುದು. ಅದನ್ನು ಅಲ್ಲಗಳೆಯಲು ನಾನು ಹೋಗಲಿಲ್ಲ. ವಿನ್ಯಾಸ ಪರಿಣಾಮವನ್ನು (ಚೀಟಿ ಎತ್ತಿ ಆರಿಸಿದ ಸರಳ ಮಾದರಿಗಿಂತ ಏರಿಳಿತ ಎಷ್ಟು ಪಟ್ಟು ಎಂಬ ಅಂಕಿಯನ್ನು) ವಾಡಿಕೆಯಂತೆ ಎರಡು ಎನ್ನದೆ ನಾಲ್ಕು ಎಂದು ಹಿಡಿದು, ಆರುನೂರು ಜನರ ಮಾದರಿಯನ್ನು ನೂರೈವತ್ತು ಜನರ ಸರಳ ಮಾದರಿಯೆಂದೇ ಭಾವಿಸಿ, ಬಡಾವಣೆವಾರು ಕೋಷ್ಟಕಗಳನ್ನೆಲ್ಲ ಕಿತ್ತುಹಾಕಿದೆ. ಪ್ರಬಂಧ ತೆಳ್ಳಗಾಯಿತು, ಆದರೆ ಅಂಗೀಕಾರವಾಯಿತು. ಈ ದಾರಿ ಹಿಡಿಯುವವರು ಒಂದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು: ಸಮುದಾಯದೊಳಗೆ ಪರಸ್ಪರ ಮಾತೇ ಆಡದ ಎರಡು ಪಂಗಡಗಳಿದ್ದು, ಮೂರು ಅಲೆಗಳಾದರೂ ಒಂದು ಕೂಪನ್ ಕೂಡ ಆಚೆಗೆ ದಾಟದಿದ್ದರೆ, ಅದನ್ನು ಒಂದೇ ಮಾದರಿಯೆಂದು ಮುಂದುವರಿಸಬಾರದು, ಎರಡಾಗಿ ಒಡೆದು, ಎರಡಕ್ಕೂ ಬೇರೆಬೇರೆ ಸೀಡ್‌ಗಳನ್ನು ಇಟ್ಟು, ಗೌರವಧನದ ಬಾಬ್ತನ್ನು ಅನುದಾನದ ಅರ್ಜಿಯಲ್ಲಿಯೇ ಒಂದೂವರೆ ಪಟ್ಟು ಮಾಡಿ ಕೇಳಬೇಕು.