ಬೇಸ್‌ಬಾಲ್ ತಂಡದಲ್ಲಿ ಉದ್ದೀಪನ ಮದ್ದು ತಡೆಯಬೇಕೆ? ಲಾಕರಿನಿಂದ ಶುರು ಮಾಡಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸ್ಟೆರಾಯ್ಡ್‌ನಂಥ ಮದ್ದು ಪರೀಕ್ಷೆಯಲ್ಲಿ ಮೊದಲ ಸಲ ಸಿಕ್ಕಿದರೆ 80 ಪಂದ್ಯ ನಿಷೇಧ, ಎರಡನೇ ಸಲ 162, ಅಂದರೆ ಇಡೀ ಸೀಸನ್. ಮೂರನೆಯದು ಆಜೀವ. 2014ರಿಂದ ಇದೇ ಲೆಕ್ಕ. ಅಷ್ಟು ದಿನ ಸಂಬಳವಿಲ್ಲ, ಆ ವರ್ಷದ ಪ್ಲೇಆಫ್ ಕೂಡ ಇಲ್ಲ. ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಇದನ್ನು ಭಾಷಣದಲ್ಲಿ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಫೆಬ್ರವರಿಯಲ್ಲಿ ಸ್ಪ್ರಿಂಗ್ ಟ್ರೈನಿಂಗ್, ಅಂದರೆ ಸೀಸನ್‌ಗೆ ಮುಂಚಿನ ಅಭ್ಯಾಸ ಶಿಬಿರ, ಶುರುವಾದ ವಾರವೇ ಒಬ್ಬೊಬ್ಬರನ್ನಾಗಿ ಟ್ರೈನರ್ ಕೋಣೆಗೆ ಕರೆದು, ಬ್ಯಾಗಿನಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಇಡಿಸಿ. ತಂಡದ ಅತಿ ಹಿರಿಯ ಆಟಗಾರನೇ ಮೊದಲು ಇಡಲಿ. ಸ್ಟಾರ್‌ಗೆ ವಿನಾಯಿತಿ ಕೊಟ್ಟ ದಿನವೇ ಈ ಕೆಲಸ ಕೆಟ್ಟಿತು. ಪ್ರೋಟೀನ್ ಪುಡಿ, ನಿದ್ದೆ ಮಾತ್ರೆ, ಕೆಮ್ಮಿನ ಸಿರಪ್ ತಾವಾಗಿಯೇ ಹೊರಬರುತ್ತವೆ. ಮರೆಯುವುದು ಚರ್ಮಕ್ಕೆ ಹಚ್ಚುವ ಮುಲಾಮನ್ನು. 2022ರ ಆಗಸ್ಟ್‌ನಲ್ಲಿ ಸ್ಟಾರ್ ಆಟಗಾರ ಫರ್ನಾಂಡೊ ಟಾಟಿಸ್ ಜೂನಿಯರ್ ಪರೀಕ್ಷೆಗೆ ಕೊಟ್ಟ ಮಾದರಿಯಲ್ಲಿ ಕ್ಲೋಸ್ಟೆಬಾಲ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಹುಳುಕಡ್ಡಿಗೆ ತೆಗೆದುಕೊಂಡ ಔಷಧಿಯಿಂದ ಬಂತು ಎಂದರು. 80 ಪಂದ್ಯ ತಪ್ಪಲಿಲ್ಲ.

ಡಬ್ಬಿಯ ಮೇಲೆ ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಗುರುತು ಹುಡುಕಿ; ನಿಷೇಧಿತ ಮದ್ದಿಗಾಗಿ ಪರೀಕ್ಷಿಸಿದ್ದಾರೆಂಬ ಗುರುತು ಅದು. ‘ನ್ಯಾಚುರಲ್’, ‘ಹರ್ಬಲ್’ ಎಂಬ ಬರಹಕ್ಕೆ ಬೆಲೆಯಿಲ್ಲ. ಅಮೆರಿಕದ 1994ರ ಕಾಯ್ದೆಯ ಪ್ರಕಾರ ಸಪ್ಲಿಮೆಂಟ್ ಮಾರಲು ಮುಂಚಿತವಾಗಿ ಸರ್ಕಾರದ ಒಪ್ಪಿಗೆ ಬೇಕಿಲ್ಲ. ಕಾರ್ಖಾನೆಯ ಅದೇ ಯಂತ್ರದಲ್ಲಿ ಹಿಂದೆ ಬೇರೇನೋ ಅರೆದಿದ್ದರೆ ಅದರ ಪುಡಿ ಇದಕ್ಕೂ ಸೇರಬಹುದು. ಲಾಟ್ ನಂಬರ್, ಬಿಲ್ ಎರಡರದೂ ಫೋಟೊ ಇಟ್ಟುಕೊಳ್ಳಿ. ಲೇಬಲ್ ಕಿತ್ತುಹೋದದ್ದು, ಗೆಳೆಯ ಕೊಟ್ಟದ್ದು ನೇರ ಕಸದ ಬುಟ್ಟಿಗೆ.

ಗಮನದ ಕೊರತೆಯ ಕಾಯಿಲೆಗೆ (ಎಡಿಎಚ್‌ಡಿ) ಆಡೆರಾಲ್ ಎಂಬ ಉತ್ತೇಜಕ ಮಾತ್ರೆ ತೆಗೆದುಕೊಳ್ಳುವವರಿಗೆ ಡಾಕ್ಟರ ಚೀಟಿ ಸಾಲದು. ಲೀಗಿನ ಮದ್ದು ಕಾರ್ಯಕ್ರಮದಿಂದ ಚಿಕಿತ್ಸಾ ವಿನಾಯಿತಿ ಕೈಗೆ ಬಂದ ಮೇಲೇ ಮಾತ್ರೆ. ಮೂತ್ರ ಹೆಚ್ಚಿಸುವ ಗುಳಿಗೆಗಳೂ ಪಟ್ಟಿಯಲ್ಲಿವೆ, ಬೇರೆ ಮದ್ದನ್ನು ಮರೆಮಾಚುತ್ತವೆಂದು. 2018ರಲ್ಲಿ ಆಟಗಾರ ರಾಬಿನ್ಸನ್ ಕ್ಯಾನೊ 80 ಪಂದ್ಯ ಹೊರಗುಳಿದದ್ದು ಫ್ಯೂರೊಸೆಮೈಡ್ ಎಂಬ ಅಂಥದೇ ಮದ್ದಿನಿಂದ.

ಗಾಯದಿಂದ ಎದ್ದವನು, ಒಪ್ಪಂದದ ಕೊನೆಯ ವರ್ಷದಲ್ಲಿರುವವನು, ಕೆಳ ದರ್ಜೆಯ ಮೈನರ್ ಲೀಗಿಗೆ ವಾಪಸ್ ಹೋಗುವ ಭಯದಲ್ಲಿರುವ ಹುಡುಗ: ಇವರ ಜೊತೆ ಒಂಟಿಯಾಗಿ ಮಾತಾಡಿ. “ಏನು ತಗೋತಿದ್ದೀಯ?” ಎಂದು ಶುರು ಮಾಡಿದರೆ ಬಾಯಿ ಮುಚ್ಚುತ್ತಾರೆ. “ಚಳಿಗಾಲದಲ್ಲಿ ಯಾರ ಹತ್ತಿರ ಪ್ರಾಕ್ಟೀಸ್ ಮಾಡಿದೆ?” ಎಂದು ಕೇಳಿ. ತಪ್ಪು ಒಪ್ಪಿಕೊಂಡರೆ ಗುಟ್ಟು ಕಾಪಾಡುತ್ತೇನೆಂದು ಮಾತು ಕೊಡಬೇಡಿ. ಆಟಗಾರರ ಸಂಘದ ವಕೀಲರ ಬಳಿ ಕಳಿಸಿ.

ಸಿಕ್ಕಿಬಿದ್ದವನ ಪರ ಪತ್ರಿಕೆಯವರ ಮುಂದೆ ಪ್ರಮಾಣ ಮಾಡಬೇಡಿ. ಆಟಗಾರ ರಯಾನ್ ಬ್ರಾನ್ ತಮ್ಮ ಮಾದರಿ ಶನಿವಾರ ಸಂಗ್ರಹವಾಗಿ ಸೋಮವಾರ ರವಾನೆಯಾಯಿತೆಂಬ ತಕರಾರಿನಿಂದ 2012ರಲ್ಲಿ ಮೇಲ್ಮನವಿ ಗೆದ್ದರು, ಸಂಗ್ರಹಿಸಿದವನ ಮೇಲೇ ಬೆರಳು ತೋರಿಸಿದರು. ಮರುವರ್ಷ 65 ಪಂದ್ಯಗಳ ಶಿಕ್ಷೆ ಒಪ್ಪಿಕೊಂಡರು. ಅಂಥವನು ತಂಡಕ್ಕೆ ಮರಳಿದಾಗ ಲಾಕರ್ ಮೊದಲಿನದೇ ಇರಲಿ, ಬ್ಯಾಗ್ ಮಾತ್ರ ಆ ದಿನವೇ ಮೇಜಿನ ಮೇಲೆ ಬರಲಿ.